ಬಲಕ್ಕೆ ಎಳೆಯುವ ಜೀಪು

ಈ ಕಥೆಯನ್ನು ನಮ್ಮ ಮನೆಯವರು ಹೇಳುವ ರೀತಿಯೇ ಬೇರೆ. ಮಾರಿ ಹನ್ನೊಂದು ವರ್ಷವಾಗಿದ್ದ ಜೀಪು, ಸಾಕಿದ ಎತ್ತಿನ ಹಾಗೆ ದಾರಿ ಹುಡುಕಿಕೊಂಡು ಮನೆಮಗಳ ಕೈಗೇ ಬಂದು ಸೇರಿತಂತೆ. ಅಮ್ಮ ಇದನ್ನು ಹೇಳುವಾಗ ಕಣ್ಣು ಒರೆಸಿಕೊಳ್ಳುತ್ತಾರೆ. ಕೇಳಿದವರು "ಋಣ ನೋಡ್ರಿ" ಅನ್ನುತ್ತಾರೆ. ನನಗೆ ಮೈ ಉರಿಯುತ್ತದೆ. ಜೀಪು ಯಾರನ್ನೂ ಹುಡುಕಿಕೊಂಡು ಬರಲಿಲ್ಲ. ಪೊಲೀಸರು ಅದನ್ನು ಸರಪಳಿ ಕಟ್ಟಿ ಎಳೆದು ತಂದರು. ನನ್ನ ಕೈಗೆ ಬಂದದ್ದು ಅದನ್ನು ಪರೀಕ್ಷಿಸಿ ವರದಿ ಕೊಡಿ ಎಂಬ ಕೋರಿಕೆ ಪತ್ರ. ಇದರಲ್ಲಿ ಋಣ ಎಲ್ಲಿಂದ ಬಂತು?

ಎರಡು ವರ್ಷದ ಹಿಂದಿನ ಮಾತು. ನಾನು ಮೋಟಾರು ವಾಹನ ನಿರೀಕ್ಷಕಿಯಾಗಿ ಕೆಲಸಕ್ಕೆ ಸೇರಿ ಹದಿನಾಲ್ಕು ತಿಂಗಳಾಗಿತ್ತು. ಅಪಘಾತವಾದ ವಾಹನವನ್ನು ನೋಡಿ, ಅದರ ಬ್ರೇಕು, ಸ್ಟೇರಿಂಗು, ಟೈರು ಸರಿಯಿದ್ದವೇ, ಅಪಘಾತಕ್ಕೆ ಯಾಂತ್ರಿಕ ದೋಷ ಕಾರಣವೇ ಎಂದು ಬರೆದು ಕೊಡುವುದು ನಮ್ಮ ಕೆಲಸಗಳಲ್ಲೊಂದು. ಆ ಒಂದು ಪುಟದ ವರದಿಯ ಮೇಲೆ ಚಾಲಕನ ಹಣೆಬರಹ ನಿಂತಿರುತ್ತದೆ. ದೋಷವಿಲ್ಲ ಎಂದು ನಾವು ಬರೆದರೆ ಉಳಿಯುವುದು ಚಾಲಕನ ಅಜಾಗರೂಕತೆ ಒಂದೇ.

ಪತ್ರ ಬಂದದ್ದು ನ್ಯಾಮತಿ ಕಡೆಯಿಂದ. ಸಾಸ್ವೆಹಳ್ಳಿಯ ಹಾಲೇಶ ಎಂಬಾತ ತನ್ನ ಜೀಪಿನಲ್ಲಿ ಹೋಗುವಾಗ ರಸ್ತೆಗೆ ಎಮ್ಮೆ ಅಡ್ಡ ಬಂದಿತ್ತು. ಬ್ರೇಕ್ ಒತ್ತಿದ. ಜೀಪು ಬಲಕ್ಕೆ ತಿರುಗಿ, ಎದುರಿನಿಂದ ಮೊಪೆಡ್‌ನಲ್ಲಿ ಬರುತ್ತಿದ್ದ ಗಂಗಮ್ಮ ಎಂಬ ಹೆಂಗಸಿಗೆ ಬಡಿಯಿತು. ಸೂಳೆಕೆರೆಯ ಮೀನು ತಂದು ಊರೂರಿಗೆ ಮಾರುತ್ತಿದ್ದವರು. ಬಲಗಾಲು ಎರಡು ಕಡೆ ಮುರಿದಿತ್ತು. ಹಾಲೇಶ ಕುಡಿದಿದ್ದ, ಹುಚ್ಚಾಪಟ್ಟೆ ಓಡಿಸಿದ ಎಂದು ಊರೆಲ್ಲ ಹೇಳುತ್ತಿತ್ತು. ಕುಡಿದಿರಲಿಲ್ಲ ಎಂದು ವೈದ್ಯರ ತಪಾಸಣೆಯಲ್ಲಿ ಗೊತ್ತಾದ ಮೇಲೂ ಹೇಳುತ್ತಲೇ ಇತ್ತು.

ಪತ್ರದಲ್ಲಿದ್ದ ನೋಂದಣಿ ಸಂಖ್ಯೆಯನ್ನು ಎರಡು ಸಲ ಓದಿದೆ. ಮಗ್ಗಿಗಿಂತ ಮೊದಲು ನಾನು ಕಲಿತ ಅಂಕಿ ಅದು.

ಅಪ್ಪಾಜಿಗೆ ಚನ್ನಗಿರಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ ಮೋಟಾರಿಗೆ ಹೊಸದಾಗಿ ತಾಮ್ರದ ತಂತಿ ಸುತ್ತುವ ಕಸುಬು. ಉಬ್ರಾಣಿಯಿಂದ ಸೂಳೆಕೆರೆಯ ಆಚೆ ದಂಡೆಯವರೆಗೆ ಮೋಟಾರು ಹೊತ್ತು ತಂದು ಹೊತ್ತು ಬಿಟ್ಟದ್ದು ಆ ಜೀಪು. ನನಗೆ ಹದಿನೈದು ವರ್ಷವಾದಾಗ ಅದನ್ನು ಹೊನ್ನಾಳಿಯ ಒಬ್ಬರಿಗೆ ಮಾರಿದರು. ಅಂದು ನಾನು ಊಟ ಬಿಟ್ಟಿದ್ದೆ. ಅದನ್ನು ಪ್ರೀತಿಸಿದವರಲ್ಲಿ ನಾನೂ ಒಬ್ಬಳು, ಮುಚ್ಚಿಡುವುದಿಲ್ಲ.

ಮೇಲಧಿಕಾರಿಗೆ ವಿಷಯ ತಿಳಿಸಿದೆ. ಅವರು ನಕ್ಕರು. "ನಿಮ್ಮ ತಂದೆ ಮಾರಿ ಹನ್ನೊಂದು ವರ್ಷ ಆಗಿದೆ. ಈಗ ನಿಮಗೂ ಅದಕ್ಕೂ ಏನು ಸಂಬಂಧ? ಹೋಗಿ ನೋಡಿ ಬನ್ನಿ." ಹೋದೆ.

ಠಾಣೆಯ ಹಿಂದೆ ಹುಣಸೆ ಮರದ ಕೆಳಗೆ ನಿಂತಿತ್ತು. ಬಲಗಡೆಯ ಮಡ್‌ಗಾರ್ಡ್ ಒಳಕ್ಕೆ ಮಡಚಿತ್ತು. ಬಣ್ಣ ಬದಲಾಗಿತ್ತು, ಸೀಟು ಬದಲಾಗಿತ್ತು. ಹಾರ್ನ್‌ಗೆಂದು ಅಪ್ಪಾಜಿ ಕೂರಿಸಿದ್ದ ಮನೆಯ ಕಾಲಿಂಗ್ ಬೆಲ್ ಸ್ವಿಚ್ ಹಾಗೇ ಇತ್ತು, ಹಳದಿಗೆ ತಿರುಗಿ. ಒತ್ತಬೇಕೆಂದು ಕೈ ಚಾಚಿ, ಪಕ್ಕದಲ್ಲಿ ಹೆಡ್ ಕಾನ್‌ಸ್ಟೇಬಲ್ ನಾಗರಾಜಪ್ಪ ನಿಂತಿದ್ದರಿಂದ ಹಿಂದೆ ಎಳೆದುಕೊಂಡೆ.

"ಏನ್ ನೋಡ್ತೀರಿ ಮೇಡಂ, ಮುದಿ ಗಾಡಿ. ದೋಷ ಇಲ್ಲ ಅಂತ ಒಂದು ಸಾಲು ಬರ್ದು ಕೊಟ್ರೆ ನಮ್ಮ ಫೈಲ್ ಮುಗೀತೈತೆ," ಅಂದರು.

"ನೋಡದೆ ಹೆಂಗೆ ಬರೆಯೋದು ರೀ?"

"ನೋಡ್ರಿ ನೋಡ್ರಿ. ಕಣ್ಣು ನಿಮ್ದು."

ಹಾಲೇಶನನ್ನು ಕರೆಸಿದ್ದರು. ಮೂವತ್ತೈದರ ಆಸುಪಾಸು, ತೋಳಿಗೆ ಬ್ಯಾಂಡೇಜು. ನಾನು ಕೇಳುವ ಮೊದಲೇ ಅವನು ಶುರು ಮಾಡಿದ: "ಮೇಡಂ, ನಾನು ಬ್ರೇಕ್ ಒತ್ತೀನಿ. ಸ್ಟೇರಿಂಗ್ ಎಡಕ್ಕೇ ಹಿಡ್ದೀನಿ. ಗಾಡಿ ಬಲಕ್ಕೆ ಎಳೀತು. ಯಾರೂ ನಂಬಾಕೆ ತಯಾರಿಲ್ಲ."

"ಮೊದಲೂ ಎಳೀತಿತ್ತಾ?"

"ತಗೊಂಡಾಗಿಂದ ಎಳೀತಿತ್ರೀ, ಎಂಟು ವರ್ಷದಿಂದ. ಕೊಟ್ಟೋರನ್ನ ಕೇಳಿದ್ದೆ. ಅದು ಗಾಡಿ ಗುಣ, ಮೊದಲ್ನೇ ಓನರ್ ಕಾಲದಿಂದಾನೂ ಹಿಂಗೇ ಐತೆ, ಸ್ವಲ್ಪ ಎಡಕ್ಕೆ ಹಿಡ್ಕೊಂಡು ಓಡ್ಸು ಅಂದ್ರು."

"ಎಂಟು ವರ್ಷ ಒಬ್ಬ ಮೆಕ್ಯಾನಿಕ್ಕಿಗೆ ತೋರಿಸಲಿಲ್ವಾ?" ನನ್ನ ದನಿ ಏರಿತು.

ಅವನು ತಲೆ ತಗ್ಗಿಸಿದ. "ಗುಣಕ್ಕೆ ಮೆಕ್ಯಾನಿಕ್ ಏನ್ ಮಾಡ್ತಾನೆ ಅನ್ಕೊಂಡೆ."

ಗಾಡಿ ಗುಣ. ಈ ಮಾತು ನಮ್ಮ ಮನೆಯದು. ಜೀಪು ಬಲಕ್ಕೆ ವಾಲಿದಾಗೆಲ್ಲ ಅಮ್ಮ "ಇದಕ್ಕೆ ತವರಿನ ಕಡೆ ಎಳೆತ" ಎಂದು ನಗುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ಆ ಸೀಟಿನಲ್ಲಿ ಕೂತು ನಕ್ಕವರು ಯಾರೂ ಸಾಯಲಿಲ್ಲ ಎಂಬುದು ಬರೀ ಅದೃಷ್ಟ.

ಜಾಕ್ ಕೊಟ್ಟು ಮುಂದಿನ ಎಡ ಚಕ್ರ ಎತ್ತಿದೆವು. ನಾಗರಾಜಪ್ಪನವರನ್ನು ಒಳಗೆ ಕೂರಿಸಿ, ಬ್ರೇಕ್ ಪೆಡಲ್ ಪೂರ್ತಿ ಒತ್ತಿ ಹಿಡಿಯಿರಿ ಅಂದೆ. ಒತ್ತಿದರು. ನಾನು ಚಕ್ರವನ್ನು ಒಂದು ಬೆರಳಲ್ಲಿ ತಿರುಗಿಸಿದೆ. ಗಿರಗಿಟ್ಲೆಯ ಹಾಗೆ ತಿರುಗಿತು.

"ಒತ್ತಿದೀರಾ?"

"ಎರಡೂ ಕಾಲಲ್ಲಿ ಒತ್ತೀನಿ ಮೇಡಂ!" ಇಣುಕಿ ನೋಡಿದವರು, ತಿರುಗುತ್ತಿದ್ದ ಚಕ್ರ ಕಂಡು ಪೆಡಲನ್ನು ಮತ್ತೊಮ್ಮೆ ತುಳಿದರು.

ಇಲ್ಲಿ ಸ್ವಲ್ಪ ವಿವರಿಸಬೇಕು. ಹಳೆಯ ಜೀಪಿನಲ್ಲಿ ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ಸಣ್ಣ ಪೈಪುಗಳ ಮೂಲಕ ನಾಲ್ಕೂ ಚಕ್ರಗಳಿಗೆ ಹೋಗಿ ಅವನ್ನು ಹಿಡಿಯುತ್ತದೆ. ಒಂದು ಚಕ್ರದ ಹತ್ತಿರ ಸೋರಿಕೆಯಾದರೆ ಎಲ್ಲ ಬ್ರೇಕೂ ಹೋಗುತ್ತದೆ. ಆಗ ನಮ್ಮ ಕಡೆ ಒಂದು ಉಪಾಯ ಮಾಡುತ್ತಾರೆ: ಸೋರುವ ಚಕ್ರದ ಪೈಪಿಗೆ ಬೆಣೆ ಬಡಿದು ಮುಚ್ಚಿಬಿಡುವುದು. ಇದಕ್ಕೆ 'ಡಮ್ಮಿ ಹಾಕೋದು' ಅನ್ನುತ್ತಾರೆ. ಉಳಿದ ಮೂರು ಚಕ್ರ ಹಿಡಿಯುತ್ತವೆ, ಗಾಡಿ ಮನೆ ಸೇರುತ್ತದೆ. ಮುಂದಿನ ಎಡ ಚಕ್ರಕ್ಕೆ ಡಮ್ಮಿ ಹಾಕಿದರೆ, ಬ್ರೇಕ್ ಒತ್ತಿದಾಗ ಮುಂದಿನ ಎರಡರಲ್ಲಿ ಬಲಚಕ್ರ ಮಾತ್ರ ಹಿಡಿದು ಗಾಡಿ ಬಲಕ್ಕೆ ತಿರುಗುತ್ತದೆ. ಬಲಕ್ಕೆ ಎಂದರೆ ಎದುರಿನಿಂದ ಬರುವವರ ಕಡೆಗೆ. ಮೆಲ್ಲಗೆ ಒತ್ತಿದರೆ ಅದು ಗುಣ. ಎಮ್ಮೆ ಅಡ್ಡ ಬಂದಾಗ ಒತ್ತಿದರೆ ಅದು ಗಂಗಮ್ಮನ ಕಾಲು.

ಕೆಳಗೆ ಮಲಗಿ, ಪೈಪಿನ ಕೀಲಿನ ಮೇಲಿದ್ದ ಹದಿಮೂರು ವರ್ಷದ ಕೆಸರನ್ನು ಸ್ಕ್ರೂಡ್ರೈವರ್‌ನಿಂದ ಕೆರೆದೆ. ಹದಿಮೂರು ಎಂದು ಆಗ ಇನ್ನೂ ಗೊತ್ತಿರಲಿಲ್ಲ. ತಾಮ್ರದ ಬೆಣೆ ಕಂಡಿತು, ಸುತ್ತ ಬೆಸುಗೆ. ಅದರ ತಲೆಯ ಮೇಲೆ ಎರಡು ಚುಕ್ಕೆ.

ಚನ್ನಗಿರಿ ತಾಲ್ಲೂಕಿನಲ್ಲಿ ಆ ಎರಡು ಚುಕ್ಕೆ ಕಂಡರೆ ರೈತರು ಬೇರೆ ಮಾತಾಡುವುದಿಲ್ಲ. ಅಪ್ಪಾಜಿ ತಾವು ರಿಪೇರಿ ಮಾಡಿದ ಪ್ರತಿ ವಸ್ತುವಿನ ಮೇಲೆ ಪಂಚ್ ಉಳಿಯಿಂದ ಎರಡು ಚುಕ್ಕೆ ಹೊಡೆಯುತ್ತಾರೆ. ಇದು ನನ್ನ ಕೆಲಸ, ಕೆಟ್ಟರೆ ನನ್ನ ಹತ್ತಿರ ತನ್ನಿ ಎಂಬ ಗ್ಯಾರಂಟಿ.

ಎಲ್ಲ ನೆನಪಾಯಿತು. ಜಗಳೂರಿಗೆ ಚಿಕ್ಕಮ್ಮನ ಮದುವೆಗೆ ಹೊರಟಿದ್ದೆವು. ನನಗೆ ಹದಿಮೂರು. ನಡು ಮಧ್ಯಾಹ್ನ ಬಯಲಲ್ಲಿ ಬ್ರೇಕ್ ಆಯಿಲ್ ಸೋರಿ ಗಾಡಿ ನಿಂತಿತು. ಅಪ್ಪಾಜಿ ತಾಮ್ರದ ಸರಳು ತುಂಡರಿಸಿ, ಕಲ್ಲಿನ ಮೇಲೆ ಬಡಿದು, ಸ್ಟವ್ ಹಚ್ಚಿ ಬೆಸೆದು ಮುಕ್ಕಾಲು ಗಂಟೆಯಲ್ಲಿ ಗಾಡಿ ಎಬ್ಬಿಸಿದರು. ಧಾರೆಗೆ ಮೊದಲೇ ಚಪ್ಪರ ಸೇರಿದೆವು. ಇಕ್ಕಳ ಹಿಡಿದವಳು ನಾನೇ. ಕಾಲೇಜಿನಲ್ಲಿ ಗ್ರಾಮೀಣ ಜಾಣ್ಮೆಯ ಪರವಾಗಿ ವಾದಿಸುವಾಗ ಇದನ್ನೇ ಉದಾಹರಣೆ ಕೊಟ್ಟು ಚರ್ಚಾ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಹೊಡೆದಿದ್ದೆ. ಎದುರಾಳಿ ತಂಡದ ಒಬ್ಬರಾದರೂ "ಆಮೇಲೆ ಆ ಬೆಣೆ ತೆಗೆಸಿದರಾ?" ಎಂದು ಕೇಳಲಿಲ್ಲ. ಕೇಳಿದ್ದರೆ ನಾನು ಅಲ್ಲೇ ಸೋಲುತ್ತಿದ್ದೆ.

ಮೇಲಧಿಕಾರಿಗೆ ಮತ್ತೆ ಫೋನ್ ಮಾಡಿದೆ. "ಸರ್, ಈಗ ಸಂಬಂಧ ಇದೆ. ದೋಷ ನಮ್ಮ ತಂದೆಯ ಕೈಕೆಲಸ." ಈ ಸಲ ಅವರು ನಗಲಿಲ್ಲ. ಮರುದಿನ ತಾವೇ ಬಂದು ಪೂರ್ತಿ ಪರೀಕ್ಷೆ ಮಾಡಿ ವರದಿ ಬರೆದರು: ಮುಂದಿನ ಎಡ ಚಕ್ರದ ಬ್ರೇಕ್ ಅಪಘಾತಕ್ಕೂ ಬಹಳ ಮೊದಲೇ ನಿಷ್ಕ್ರಿಯಗೊಂಡಿತ್ತು, ಬ್ರೇಕ್ ಒತ್ತಿದಾಗ ವಾಹನ ಬಲಕ್ಕೆ ತಿರುಗಲು ಇದೇ ಕಾರಣ. ಚುಕ್ಕೆಗಳ ವಿಷಯ ನಾನು ಬೇರೆ ಹೇಳಿಕೆಯಲ್ಲಿ ಬರೆದು ಸಹಿ ಹಾಕಿದೆ.

ಹಾಲೇಶ ಹುಚ್ಚಾಪಟ್ಟೆ ಓಡಿಸಿದ ಎಂಬ ಆರೋಪ ಬಿದ್ದುಹೋಯಿತು. ಕೆಟ್ಟ ಬ್ರೇಕಿನ ಗಾಡಿ ರಸ್ತೆಗೆ ತಂದ ತಪ್ಪು ಉಳಿಯಿತು, ಅದು ಉಳಿಯಬೇಕಾದದ್ದೇ. ಫೈಲ್ ಮುಗಿದ ದಿನ ಕಚೇರಿಗೆ ಬಂದು ಅವನು ಕೈಮುಗಿದ. "ನನ್ನ ಹೆಂಡ್ತಿನೂ ನಂಬಿರ್ಲಿಲ್ರೀ ಮೇಡಂ," ಅಂದ. ಅವನ ಮುಖ ನೋಡಲಾಗದೆ ಫೈಲಿನ ದಾರ ಕಟ್ಟುತ್ತಾ ಕೂತೆ. ಗಂಗಮ್ಮ ಈಗ ಕೋಲು ಹಿಡಿದು ನಡೆಯುತ್ತಾರೆ. ಮೊಪೆಡ್ ಹತ್ತುವುದಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ತಾತ್ಕಾಲಿಕ ರಿಪೇರಿ ಅನ್ನುವುದು ಗಾಡಿಗೆ ಗೊತ್ತಾಗುವುದಿಲ್ಲ. ಮಾಡಿದವನಿಗೆ ಮಾತ್ರ ಗೊತ್ತು. ಅವನು ಬಾಯಿ ಬಿಟ್ಟು ಹೇಳದಿದ್ದರೆ ದೋಷ ಗುಣವಾಗಿ ಬದಲಾಗಿ, ಕೈಯಿಂದ ಕೈಗೆ, ಹೊನ್ನಾಳಿಯಿಂದ ಸಾಸ್ವೆಹಳ್ಳಿಗೆ ನಡೆದುಬಿಡುತ್ತದೆ.

ಜೀಪನ್ನು ಪರೀಕ್ಷಿಸಿದ ವಾರದ ಭಾನುವಾರವೇ ನಾನು ಮನೆಗೆ ಹೋಗಿದ್ದೆ. ಜೀಪು ಸಿಕ್ಕ ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಅಮ್ಮ ಹೋಳಿಗೆ ಮಾಡಿದ್ದರು. ಅಪ್ಪಾಜಿ ಅಂಗಡಿಯಲ್ಲಿ ಮೋಟಾರು ಬಿಚ್ಚಿಟ್ಟುಕೊಂಡು, ಬೆಳಗಿನಿಂದ ಬಂದವರಿಗೆಲ್ಲ ಜಗಳೂರಿನ ಮದುವೆ ಕಥೆ ಹೇಳುತ್ತಿದ್ದರು.

"ಬಾ ಪುಟ್ಟಿ! ಕೇಸ್ ಮುಗಿದ ಮೇಲೆ ಹಾಲೇಶ ಮಾರ್ತಾನೇನೋ ಕೇಳು. ಮನೆಗೆ ತಂದುಬಿಡಾನ. ಇನ್ನೂ ನನ್ನ ಸ್ವಿಚ್ ಐತಂತೆ ಅದರಾಗೆ!"

"ನಿಮ್ಮ ಡಮ್ಮಿನೂ ಐತೆ," ಅಂದೆ. ಮೊಬೈಲಿನಲ್ಲಿದ್ದ ಫೋಟೋ ಮುಂದೆ ಹಿಡಿದೆ. ಎರಡು ಚುಕ್ಕೆ ಸ್ಪಷ್ಟವಾಗಿದ್ದವು.

ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಮುಖದಲ್ಲಿ ಮೊದಲು ಬಂದದ್ದು ಹೆಮ್ಮೆ. ಆಮೇಲೆ ಅದು ಹೋಯಿತು.

"ಆ ದಿನಕ್ಕೆ ಅಂತ ಹಾಕಿದ್ದು ಪುಟ್ಟಿ. ಆಮೇಲೆ ಗಾಡಿ ಚೆನ್ನಾಗೇ ಓಡ್ತಿತ್ತಲ್ಲ, ಮರ್ತೇಬಿಟ್ಟೆ."

"ಎರಡು ವರ್ಷ ನೀವೇ ಓಡಿಸಿದ್ರಿ. ದಿನಾ ಬಲಕ್ಕೆ ಎಳೀತಿತ್ತು. ಮರ್ತಿದ್ರಿ, ಒಪ್ಕೊಂತೀನಿ. ಆದರೆ ಹೊನ್ನಾಳಿಯವರು ಗಾಡಿ ನೋಡಾಕೆ ಬಂದು, ಒಂದು ಸುತ್ತು ಓಡಿಸಿ, ಯಾಕ್ರೀ ಬಲಕ್ಕೆ ಎಳೀತೈತೆ ಅಂತ ನಿಮ್ಮನ್ನೇ ಕೇಳಿರ್ತಾರಲ್ಲ ಅಪ್ಪಾಜಿ, ಅವತ್ತು ನೀವು ಏನಂತ ಹೇಳಿದ್ರಿ?"