ಗೋಲ್ ಮುಂದಿನ ನೆಲ ಸಡಿಲಿಸಿದ ಗುರುಬಸಪ್ಪ

ಬೆಳಗಿನ ಐದೂವರೆ. ರಾತ್ರಿಯಿಡೀ ಸುರಿದ ಮಳೆ ಈಗಷ್ಟೇ ನಿಂತಿದೆ. ಜರ್ಮನಿಯ ಸಿಂಡೆಲ್‌ಫಿಂಗೆನ್‌ನಿಂದ ರೈಲಿನಲ್ಲಿ ಅರ್ಧ ಗಂಟೆಯ ದಾರಿಯ ವೈಡೆನ್‌ಟಾಲ್ ಎಂಬ ಸಣ್ಣ ಊರಿನ ಫುಟ್‌ಬಾಲ್ ಮೈದಾನ. ಅಲ್ಲೊಬ್ಬರು ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಬೂಟು ಕಳಚಿಟ್ಟು, ಗೋಲ್ ಕಂಬಗಳ ಮುಂದೆ ಬರಿಗಾಲಲ್ಲಿ ಹೆಜ್ಜೆ ಊರಿ ಊರಿ ನಡೆಯುತ್ತಿದ್ದಾರೆ. ದೂರದಿಂದ ಕಂಡವರಿಗೆ ಯಾವುದೋ ಹರಕೆ ತೀರಿಸುತ್ತಿದ್ದಾರೆ ಅನ್ನಿಸಬೇಕು. ಹತ್ತಿರ ಹೋದರೆ ಬೈಗುಳ ಕೇಳಿಸುತ್ತದೆ. ಬೈಯುತ್ತಿರುವುದು ಮಳೆಗೆ.

"ಒಳಗ ಬರಬ್ಯಾಡ್ರಿ ಅಕ್ಕಾರ! ಅಲ್ಲೇ ಗೆರಿ ಹೊರಗ ನಿಂದರ್ರಿ," ಎಂದು ನನ್ನನ್ನು ತಡೆಯುತ್ತಾರೆ. ಪಾದ ಎತ್ತಿ, ಅದು ಮೂಡಿಸಿದ ಗುರುತಿನಲ್ಲಿ ನೀರು ಒಸರುತ್ತದೆಯೇ ಎಂದು ಬಗ್ಗಿ ನೋಡುತ್ತಾರೆ. ಒಸರುವುದಿಲ್ಲ. "ಕುಡದೈತ್ರಿ. ಎಲ್ಲಾ ನೀರು ಕುಡದೈತಿ," ಎನ್ನುವಾಗ ಅವರ ದನಿಗೆ ಜೀವ ಬರುತ್ತದೆ.

ಇವರು ಹುಬ್ಬಳ್ಳಿಯ ಗುರುಬಸಪ್ಪ ಹೂಗಾರ. ವಯಸ್ಸು ಐವತ್ತರ ಹತ್ತಿರ. ಎಸ್‌ಫೌ ವೈಡೆನ್‌ಟಾಲ್ ಎಂಬ ಕ್ಲಬ್ಬಿನ ಎರಡನೇ ಪ್ಲಾಟ್ಸ್‌ವಾರ್ಟ್. ಹುಲ್ಲು, ನೀರು, ಬಿಳಿ ಗೆರೆ ಎಲ್ಲವನ್ನೂ ನೋಡಿಕೊಳ್ಳುವವರಿಗೆ ಇಲ್ಲಿ ಆ ಹೆಸರು. ಕ್ಲಬ್ಬು ಆಡುವುದು ಮೂರನೇ ಲೀಗ್‌ನಲ್ಲಿ. ಜರ್ಮನಿಯಲ್ಲಿ ಪೂರ್ಣ ವೃತ್ತಿಪರ ಫುಟ್‌ಬಾಲಿಗೆ ಅದೇ ಕೊನೆಯ ಮೆಟ್ಟಿಲು. ಇಪ್ಪತ್ತು ತಂಡ, ಆಗಸ್ಟಿನಿಂದ ಮೇವರೆಗೆ ಸೆಣಸು, ತಳದಲ್ಲಿ ಉಳಿದ ನಾಲ್ಕು ತಂಡಗಳು ಕೆಳಗಿನ ಲೀಗಿಗೆ. ಇಂದು ಮಧ್ಯಾಹ್ನ ಸೀಸನ್ನಿನ ಕಡೆಯ ಪಂದ್ಯ. ಡ್ರಾ ಮಾಡಿಕೊಂಡರೂ ತಂಡ ಉಳಿಯುತ್ತದೆ. ಸೋತರೆ ಇಳಿಯುತ್ತದೆ. ಇಳಿದರೆ ಒಬ್ಬರೇ ಪ್ಲಾಟ್ಸ್‌ವಾರ್ಟ್ ಸಾಕೆಂದು ಕ್ಲಬ್ಬು ಮಾರ್ಚಿನಲ್ಲೇ ಹೇಳಿಬಿಟ್ಟಿದೆ. ಆ ಒಬ್ಬರು ಗುರುಬಸಪ್ಪನವರಲ್ಲ.

ಗುರುಬಸಪ್ಪ ಇಲ್ಲಿಗೆ ಬಂದದ್ದು ಹೆಂಡತಿಯ ಕೆಲಸದ ಬೆನ್ನು ಹತ್ತಿ. ಮಧುಮತಿಯವರು ಕಾರು ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಇವರು ಹುಬ್ಬಳ್ಳಿಯ ಒಂದು ಕ್ರಿಕೆಟ್ ಮೈದಾನದಲ್ಲಿ ಪಿಚ್ ಸಿದ್ಧಪಡಿಸುತ್ತಿದ್ದವರು. ಇಲ್ಲಿ ಕ್ರಿಕೆಟ್ ಪಿಚ್ ಯಾರಿಗೆ ಬೇಕು? ವರ್ಷಗಟ್ಟಲೆ ಮನೆಯಲ್ಲಿ ರೊಟ್ಟಿ ಬಡಿದರು, ಮಗಳು ರಚನಾಳನ್ನು ಶಾಲೆಗೆ ಬಿಟ್ಟು ಕರೆತಂದರು, ಜರ್ಮನ್ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದು ಮೂರನೆಯ ಸಲ ಪಾಸಾದರು.

"ರೊಟ್ಟಿ ಬಡಿಯೂದು ತ್ರಾಸ ಅನಸಲಿಲ್ರಿ. ಯುಗಾದಿಗೆ ಕನ್ನಡದ ಮಂದಿ ಎಲ್ಲಾ ಕೂಡ್ತಾರಲ್ರಿ, ಅದ ತ್ರಾಸ. ಬಂದಾವ್ರೆಲ್ಲಾ 'ನೀವು ಏನ್ ಕೆಲಸ ಮಾಡ್ತೀರಿ' ಅಂತ ಕೇಳವ್ರು. ನಾ ಹೋಳಿಗಿ ಬುಟ್ಟಿ ಹಿಡಕೊಂಡು ಬಡಸಾಕ ನಿಂತಬಿಡ್ತಿದ್ದೆ. ಬಡಸಾವ್ರನ್ನ ಯಾರೂ ಕೇಳಂಗಿಲ್ಲ."

ಕಳೆದ ವರ್ಷ ಜುಲೈನಲ್ಲಿ ಈ ಕೆಲಸ ಸಿಕ್ಕಿತು. ಸಿಕ್ಕ ಎರಡೇ ತಿಂಗಳಿಗೆ ಎಡವಟ್ಟು ಮಾಡಿಕೊಂಡರು. ಅದನ್ನು ಬರೆಯಬಹುದೇ ಎಂದು ಕೇಳಿದೆ. "ಅದನ್ನ ಬರೀರಿ ಮೊದಲ," ಎಂದರು.

ನಡೆದದ್ದಿಷ್ಟು. ಸೆಪ್ಟೆಂಬರಿನಲ್ಲಿ ಹಿರಿಯ ಪ್ಲಾಟ್ಸ್‌ವಾರ್ಟ್ ಕೆಸ್ಲರ್ ರಜೆಯ ಮೇಲೆ ಹೋಗಿದ್ದರು. ಆಟಗಾರರ ಬೂಟಿನ ಮುಳ್ಳಿಗೆ ಒಂದು ಬದಿಯ ಗೋಲ್ ಮುಂದಿನ ನೆಲ ಕಿತ್ತುಹೋಗಿತ್ತು. ಗುರುಬಸಪ್ಪ ಹೊಸ ಹುಲ್ಲುಹಾಸು ಕೂರಿಸಿದರು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಕೈಗೆ ಎರೆಮಣ್ಣಿನ ಪಿಚ್ಚಿನ ಅಭ್ಯಾಸ. ರೋಲರ್ ಎಳೆದಷ್ಟೂ ನೆಲ ಒಳ್ಳೆಯದು ಎಂಬುದು ಇಪ್ಪತ್ತು ವರ್ಷ ಅನ್ನ ಹಾಕಿದ ಪಾಠ. ಪಾರ್ಕಿಂಗ್ ಜಾಗ ಸಮ ಮಾಡಲು ತಂದಿಟ್ಟಿದ್ದ ಭಾರದ ರೋಲರನ್ನು ತಂದು ಮೂರು ದಿನ ಎಳೆದೇ ಎಳೆದರು. ನೆಲ ನುಣ್ಣಗಾಯಿತು, ನೋಡಲು ಚೆಂದವೂ ಆಯಿತು. ಫುಟ್‌ಬಾಲ್ ಹುಲ್ಲಿಗೆ ಅಡಿಯ ಮಣ್ಣು ಸಡಿಲವಾಗಿರಬೇಕು, ಇಲ್ಲದಿದ್ದರೆ ನೀರು ಇಂಗುವುದಿಲ್ಲ ಎಂಬುದು ಗೊತ್ತಾದದ್ದು ಅಕ್ಟೋಬರಿನ ಮಳೆಯಲ್ಲಿ. ವೈಡೆನ್‌ಟಾಲ್ ಆಟಗಾರ ಎದುರಾಳಿ ಗೋಲ್‌ಕೀಪರ್‌ನನ್ನು ದಾಟಿಸಿ ಚೆಂಡು ತಳ್ಳಿದ. ಗೆರೆಗೆ ಎರಡು ಮಾರು ಇರುವಾಗ ಚೆಂಡು ನೀರಿನಲ್ಲಿ ಎಮ್ಮೆಯಂತೆ ಕೂತುಬಿಟ್ಟಿತು. ತಂಡ ಒಂದು ಗೋಲಿನಿಂದ ಸೋತಿತು. ಅಂದು ಕೈತಪ್ಪಿದ ಒಂದು ಪಾಯಿಂಟ್ ಇದ್ದಿದ್ದರೆ ಇಂದು ಯಾರೂ ಉಸಿರು ಬಿಗಿಹಿಡಿಯಬೇಕಾಗಿರಲಿಲ್ಲ.

"ಕೆಲಸ ಹೋತು ಅಂತ ಮನಿಗೆ ಫೋನ್ ಮಾಡೇಬಿಟ್ಟಿದ್ದೆ. ಕೆಸ್ಲರ್ ಅವ್ರು ಆಫೀಸಿಗೆ ಹೋಗಿ 'ಮೈದಾನ ನಂದು, ತಪ್ಪೂ ನಂದ' ಅಂದ್ರಂತ. ನನ್ನ ಹೆಸರ ಎತ್ತಲಿಲ್ರಿ. ಹೊರಗ ಬಂದು ನನ್ನ ಕೈಯಾಗ ಫೋರ್ಕ್ ಕೊಟ್ರು. 'ಗಟ್ಟಿ ಮಾಡಿದಾಂವ ನೀನು, ಸಡ್ಲ ಮಾಡಾಂವನೂ ನೀನ' ಅಂದ್ರು."

ಮಾಡಿದ್ದುಣ್ಣೋ ಮಹರಾಯ! ಅಂದಿನಿಂದ ದಿನವೂ ಬೆಳಗ್ಗೆ ಬೇರೆ ಕೆಲಸಕ್ಕೆ ಮುಂಚೆ ಗೋಲ್ ಮುಂದಿನ ಆ ತುಂಡು ನೆಲ. ನಾಲ್ಕು ಹಲ್ಲಿನ ಕಬ್ಬಿಣದ ಫೋರ್ಕನ್ನು ಕಾಲಿನಿಂದ ತುಳಿದು ಇಳಿಸುವುದು, ಮೆಲ್ಲಗೆ ಅಲುಗಿಸಿ ತೆಗೆಯುವುದು, ತೂತುಗಳಿಗೆ ಮರಳು ತುಂಬುವುದು, ಒಂದು ಗೇಣು ಸರಿದು ಮತ್ತೆ ಅದನ್ನೇ ಮಾಡುವುದು. ಯಂತ್ರವಿದೆ, ಆದರೆ ಅದರ ಹಲ್ಲು ಅಷ್ಟು ಆಳಕ್ಕೆ ಹೋಗುವುದಿಲ್ಲ. ಡಿಸೆಂಬರಿನಲ್ಲಿ ನೆಲ ಹೆಪ್ಪುಗಟ್ಟಿದಾಗ ಮಾತ್ರ ಬಿಡುವು. ಅಂಗೈಯ ಜಡ್ಡು ತೋರಿಸಿ ಎಂದರೆ ನಾಚಿಕೊಂಡು ಕೈ ಜೇಬಿಗೆ ಹಾಕುತ್ತಾರೆ. ಮಾರ್ಚಿನಲ್ಲಿ, ಕೆಲಸ ಉಳಿಯುವುದು ಅನುಮಾನ ಎಂದು ತಿಳಿದ ಮರುದಿನವೂ ಬೆಳಗಾಗುತ್ತಲೇ ಬಂದು ಫೋರ್ಕ್ ಹಿಡಿದರಂತೆ. ಆದರೆ ಈ ಸಲದ ಯುಗಾದಿಗೆ ಮಾತ್ರ ಹೋಗಲಿಲ್ಲ.

"ಕೆಲಸ ಐತಿ ಅನ್ಬೇಕೋ ಇಲ್ಲ ಅನ್ಬೇಕೋ ತಿಳೀಲಿಲ್ರಿ."

ಮಧ್ಯಾಹ್ನದ ಹೊತ್ತಿಗೆ ರೆಫರಿ ಬಂದು ಮೈದಾನ ಪರೀಕ್ಷಿಸುತ್ತಾರೆ. ಅಲ್ಲಲ್ಲಿ ಚೆಂಡು ಉರುಳಿಸಿ, ಗೋಲ್ ಮುಂದೆಯೂ ಉರುಳಿಸಿ ನೋಡಿ, ಹೆಬ್ಬೆರಳು ಎತ್ತುತ್ತಾರೆ. ಬೆಳಗ್ಗೆಯಿಂದ ಏನೂ ತಿಂದಿರದ ಗುರುಬಸಪ್ಪ ಆಗ ಡಬ್ಬಿ ತೆಗೆದು, ರೊಟ್ಟಿಗೆ ಶೇಂಗಾ ಚಟ್ನಿ ಸುತ್ತಿ ಕೆಸ್ಲರ್‌ಗೂ ಒಂದು ಕೊಡುತ್ತಾರೆ. ಆ ಮನುಷ್ಯ ಖಾರಕ್ಕೆ ಕಣ್ಣೀರು ಸುರಿಸುತ್ತಲೇ ಇನ್ನೊಂದಕ್ಕೆ ಕೈಚಾಚುತ್ತಾರೆ.

ಪಂದ್ಯ ಶುರು. ಮಧುಮತಿ, ರಚನಾ ಸ್ಟ್ಯಾಂಡಿನಲ್ಲಿದ್ದಾರೆ. ಗುರುಬಸಪ್ಪ, ಕೆಸ್ಲರ್, ನಾನು ಅದೇ ಗೋಲ್ ಪಕ್ಕದ ಗೇಟಿನಲ್ಲಿ ನಿಂತಿದ್ದೇವೆ. ಫುಟ್‌ಬಾಲಿನಲ್ಲಿ ನನ್ನ ಜ್ಞಾನ ಅಷ್ಟಕ್ಕಷ್ಟೇ, ಆದರೂ ಚೆಂಡಿನಿಂದ ಕಣ್ಣು ಕೀಳಲಾಗುತ್ತಿಲ್ಲ. ಮೊದಲರ್ಧದಲ್ಲಿ ಎದುರಾಳಿ ಒದ್ದ ಚೆಂಡಿಗೆ ಹೇಳಿಕೊಳ್ಳುವ ಬಲವೇನೂ ಇಲ್ಲ. ವೈಡೆನ್‌ಟಾಲ್ ಗೋಲ್‌ಕೀಪರ್ ಮುಗ್ಗರಿಸುತ್ತಾನೆ. ಚೆಂಡು ಮೆಲ್ಲಗೆ ಉರುಳುತ್ತ, ಫೋರ್ಕಿನಿಂದ ಸಡಿಲಿಸಿದ ಅದೇ ನೆಲದ ಮೇಲೆ ಹಾದು, ಎಲ್ಲೂ ನಿಲ್ಲದೆ ಗೆರೆ ದಾಟುತ್ತದೆ. ಗೋಲ್!

"ಅಕ್ಟೋಬರ್‌ದಾಗ ಆಗಿದ್ರ ಇದು ಅಲ್ಲೇ ನಿಂದರ್ತಿತ್ತು," ಎನ್ನುತ್ತಾರೆ ಗುರುಬಸಪ್ಪ.

ನನಗೆ ರೇಗಿತು. ಹಾಗಾದರೆ ಸಡಿಲ ಮಾಡದೆ ಬಿಟ್ಟಿದ್ದರೇ ಚೆನ್ನಾಗಿತ್ತು ಎಂದುಬಿಟ್ಟೆ.

ಅವರು ನನ್ನತ್ತ ತಿರುಗಿದರು. "ಹಂಗ ಅನಬ್ಯಾಡ್ರಿ ಅಕ್ಕಾರ. ನೆಲಾ ಇಬ್ಬರಿಗೂ ಒಂದ ಇರಬೇಕು. ಇದು ಅವರಿಗೆ ಉರುಳ್ತಂದ್ರ ನಮಗೂ ಉರುಳ್ತೈತಿ."

ವಿರಾಮದ ನಂತರ ತಂಡಗಳು ಬದಿ ಬದಲಿಸುತ್ತವೆ. ಈಗ ವೈಡೆನ್‌ಟಾಲ್ ಒದೆಯಬೇಕಾದದ್ದು ಈ ಗೋಲಿಗೆ. ಗಡಿಯಾರ ಓಡುತ್ತದೆ, ಮಳೆ ಮತ್ತೆ ಹನಿಯುತ್ತದೆ. ಗುರುಬಸಪ್ಪ ಆಟಗಾರರನ್ನು ನೋಡುತ್ತಿಲ್ಲ, ನೆಲ ನೋಡುತ್ತಿದ್ದಾರೆ. ಆಟ ಮುಗಿಯಲು ಇನ್ನೇನು ಸ್ವಲ್ಪವೇ ಉಳಿದಿರುವಾಗ ಬಲಗಡೆಯಿಂದ ಬಂದ ಚೆಂಡಿಗೆ ನಮ್ಮವನೊಬ್ಬ ಬಿದ್ದುಕೊಂಡೇ ಕಾಲು ತಾಗಿಸುತ್ತಾನೆ. ಚೆಂಡು ಗೋಲ್‌ಕೀಪರ್‌ನ ಕೈಯಡಿ ನುಸುಳಿ ಒದ್ದೆ ಹುಲ್ಲಿನ ಮೇಲೆ ಉರುಳುತ್ತದೆ. "ಹೋಗು, ಹೋಗು, ನಿಂದರಬ್ಯಾಡ," ಎಂದು ಗುರುಬಸಪ್ಪ ದನ ಹೊಡೆಯುವವರಂತೆ ಕೂಗುತ್ತಾರೆ. ಅದು ನಿಲ್ಲುವುದಿಲ್ಲ. ಒಂದಕ್ಕೊಂದು ಸಮ. ಕೊನೆಯ ಸೀಟಿ ಊದುವವರೆಗೂ ಹಾಗೇ ಉಳಿಯಿತು. ತಂಡವೂ ಉಳಿಯಿತು.

ಕೆಸ್ಲರ್ ಗುರುಬಸಪ್ಪನವರನ್ನು ಅಪ್ಪಿಕೊಳ್ಳುವಷ್ಟರಲ್ಲಿ ಸ್ಟ್ಯಾಂಡುಗಳಿಂದ ಜನ ಮೈದಾನಕ್ಕೆ ನುಗ್ಗುತ್ತಾರೆ. ಇಂಥ ಗಳಿಗೆಯಲ್ಲಿ ಹುಲ್ಲಿನ ತುಂಡು ಕಿತ್ತು ನೆನಪಿಗೆ ಮನೆಗೊಯ್ಯುವುದು ಇಲ್ಲಿಯ ಅಭಿಮಾನಿಗಳ ರೂಢಿ. ಕೀಳಲು ಎಲ್ಲರಿಗೂ ಬೇಕಾದದ್ದು ಗೋಲ್ ಬಿದ್ದ ಜಾಗವೇ. ಗುರುಬಸಪ್ಪ "ನೈನ್! ನೈನ್!" ಎಂದು ಓಡುತ್ತಾರೆ, ನಡುದಾರಿಯಲ್ಲಿ ನಿಂತುಬಿಡುತ್ತಾರೆ. ಒಂದು ಚಳಿಗಾಲದ ದುಡಿಮೆ ಚೂರುಚೂರಾಗಿ ಜನರ ಕೈಯಲ್ಲಿ ಹೊರಟಿದೆ.

ಕೆಂಪು ಶಾಲು ಹೊದ್ದ ಮುದುಕರೊಬ್ಬರು ಇವರ ಕ್ಲಬ್ ಜಾಕೆಟ್ ನೋಡಿ, ಕಿತ್ತ ತುಂಡನ್ನು ಮುಂದೆ ಹಿಡಿದು ಏನೋ ಕೇಳುತ್ತಾರೆ. ಗುರುಬಸಪ್ಪ ಮಂಡಿಯೂರಿ ಕೂತು, ಜೋತ ಬೇರುಗಳನ್ನು ಒಳಗೆ ಮಡಚಿ, ತುಂಡನ್ನು ಆ ಶಾಲಿನಲ್ಲೇ ಸುತ್ತಿಕೊಡುತ್ತಾರೆ. ಏನು ಕೇಳಿದರು ಎಂದೆ.

"ತ್ವಾಟದಾಗ ಹಚ್ಚಿದ್ರ ಬದುಕ್ತೈತೇನು ಅಂದ್ರು. ಬದುಕ್ತೈತಿ, ದಿನಾ ಒಂದೀಟ ನೀರು ಹಾಕ್ರಿ, ಆದ್ರ ಮ್ಯಾಲಿಂದ ಒತ್ತಬ್ಯಾಡ್ರಿ ಅಂದೆ. ಒತ್ತಿದ್ರ ಏನಾಗ್ತೈತಿ ನನಗ ಗೊತ್ತಲ್ರಿ!"

ದೂರದಿಂದ ಕೆಸ್ಲರ್ ಫೋರ್ಕ್ ಎತ್ತಿ ತೋರಿಸಿ, ಗುಂಡಿಬಿದ್ದ ಗೋಲ್ ಮುಂದಿನ ನೆಲದತ್ತ ಕೈಮಾಡುತ್ತಾರೆ. ಗುರುಬಸಪ್ಪ ಕೆಸರು ಕೈ ಎತ್ತಿ ಆಗಲಿ ಎನ್ನುತ್ತಾರೆ. ಮಧುಮತಿ ಕಣ್ಣೊರೆಸಿಕೊಳ್ಳುತ್ತ ಬರುತ್ತಿದ್ದಾರೆ. ಹೊರಡುವ ಮುನ್ನ, ಇನ್ನೇನು ಆಸೆ ಇದೆ ಎಂದು ಕೇಳುತ್ತೇನೆ.

"ಮುಂದಿನ ಯುಗಾದಿಗೆ ಹೋಗ್ತೀನ್ರಿ. ಹೋಳಿಗಿ ಬುಟ್ಟಿ ಹಿಡಿಯಂಗಿಲ್ಲ, ಪಂಕ್ತಿಯಾಗ ಕುಂದರ್ತೀನಿ. ಏನ್ ಕೆಲಸ ಮಾಡ್ತೀರಿ ಅಂತ ಬಾಜೂಕ ಕುಂತಾವ್ರು ನನ್ನ ಕೇಳ್ಬೇಕು, ಅಷ್ಟ."