ಪಂಕ್ತಿಯಿಂದ ಎದ್ದೇಳಲು ಒಂದು ಮಷೀನು

ನನ್ನ ಎಡಮಂಡಿಯ ಕಥೆಗಿಂತ ಮೊದಲು ನನ್ನ ವಾರಗಿತ್ತಿಯ ಕಥೆ ಹೇಳಬೇಕು. ಮಂಡಿಯನ್ನು ನಾನು ಹೇಗೋ ಸಹಿಸಿಕೊಂಡಿದ್ದೆ. ಅವಳನ್ನು ಸಹಿಸಿಕೊಳ್ಳಲು ಆಗಲಿಲ್ಲ. ಅವಳು ನನ್ನ ಮೈದುನನ ಹೆಂಡತಿ, ಗುಂಡ್ಲುಪೇಟೆಯಲ್ಲಿ ಮನೆ. ಮೈದುನ ಚೆಂಡುಹೂವು ಕೊಂಡು ಕೇರಳದ ವ್ಯಾಪಾರಿಗಳಿಗೆ ಕೊಡುತ್ತಾನೆ. ಹೂವಿಗಾದರೂ ಒಂದು ಸೀಸನ್ ಇದೆ, ಇವಳ ಬಾಯಿಗೆ ಅದೂ ಇಲ್ಲ.

ನಾನು ಬಸ್ ಕಂಡಕ್ಟರ್. ಮನೆ ಹರದನಹಳ್ಳಿ, ಡ್ಯೂಟಿ ಚಾಮರಾಜನಗರ–ಗುಂಡ್ಲುಪೇಟೆ ರೂಟಿನಲ್ಲಿ. ಹೆಂಗಸರಿಗೆ ಟಿಕೆಟ್ ಫ್ರೀ ಆದ ಮೇಲೆ ಬಸ್ಸಿನಲ್ಲಿ ನನ್ನ ಸೀಟಿನಲ್ಲೂ ಇಬ್ಬರು ಅಜ್ಜಿಯರು ಕೂತಿರುತ್ತಾರೆ. ‘ಏಳವ್ವ’ ಅನ್ನಲು ಬಾಯಿ ಬರುವುದಿಲ್ಲ. ಕಂಬಿಗೆ ಸೊಂಟ ಒತ್ತಿ, ಒಂದೇ ಕಾಲಿನ ಮೇಲೆ ಭಾರ ಬಿಟ್ಟು, ಇನ್ನೊಂದು ಕಾಲನ್ನು ಯಾರದೋ ಚೀಲಗಳ ಸಂದಿಯಲ್ಲಿ ತೂರಿಸಿ ಟಿಕೆಟ್ ಹರಿಯಬೇಕು. ವರ್ಷಗಟ್ಟಲೆ ಹೀಗೆ ನಿಂತ ಮೇಲೆ ಎಡಮಂಡಿ ಮುಷ್ಕರ ಹೂಡಿತು. ನಡೆಯಬಲ್ಲೆ, ನಿಲ್ಲಬಲ್ಲೆ, ನೆಲದ ಮೇಲೆ ಕೂತರೆ ಮಾತ್ರ ಏಳಲಾಗದು.

ಇದು ಗೊತ್ತಿದ್ದೂ ಅವಳ ಹೊಸ ಮನೆಯ ಗೃಹಪ್ರವೇಶದಲ್ಲಿ ಪಂಕ್ತಿಗೆ ಕೂತೆ. ದೊಡ್ಡ ಸೊಸೆ ಕೂರದಿದ್ದರೆ ಮುನಿಸಿಕೊಂಡಳು ಅನ್ನುತ್ತಾರಲ್ಲ! ಮಹಡಿಯ ಮೇಲೆ ಶಾಮಿಯಾನ, ನೆಲಕ್ಕೆ ಜಮಖಾನ, ಮುಂದೆ ಬಾಳೆಲೆ. ನಮ್ಮ ಕಡೆ ಎಲ್ಲರ ಊಟ ಮುಗಿಯುವವರೆಗೆ ಪಂಕ್ತಿಯಿಂದ ಯಾರೂ ಏಳುವುದಿಲ್ಲ. ಎದ್ದರೆ ಎಲ್ಲರೂ ಒಟ್ಟಿಗೆ. ಅಷ್ಟರಲ್ಲಿ ಮುಂದಿನ ಪಂಕ್ತಿಯವರು ನಮ್ಮ ಬೆನ್ನ ಹಿಂದೆಯೇ ಬಂದು ಜಾಗ ಹಿಡಿದು ನಿಂತಿರುತ್ತಾರೆ. ಅವತ್ತು ಎಲ್ಲರೂ ಎದ್ದರು, ನಾನೊಬ್ಬಳು ಉಳಿದೆ. ಬಲಗೈ ಎಂಜಲು. ಎಡಗೈ ಊರಿದೆ, ಜಮಖಾನ ಜಾರಿತು, ಹೊಸ ಸೀರೆಯ ಸಮೇತ ಉಂಡ ಎಲೆಯ ಮೇಲೇ ಪಕ್ಕಕ್ಕೆ ಉರುಳಿದೆ.

ಪಾಯಸದ ಬಕೆಟ್ಟು ಹಿಡಿದು ನಿಂತಿದ್ದ ನನ್ನ ವಾರಗಿತ್ತಿ ಇಡೀ ಮಹಡಿಗೆ ಕೇಳುವಂತೆ ಕೂಗಿದಳು: “ಊರ್ನೆಲ್ಲ ಬಸ್ಸು ಹತ್ತುಸಿ ಇಳುಸ್ತಳ ನಮ್ಮಕ್ಕ, ಇವಳ್ನ ಎತ್ತೋರೇ ಇಲ್ವಲ್ಲಪ್ಪೋ! ಒಂದು ಕ್ರೇನ್ ತರುಸ್ರಪ್ಪಾ!”

ಮಹಡಿಗೆ ಮಹಡಿಯೇ ನಕ್ಕಿತು. ಇಬ್ಬರು ಗಂಡಸರು ಕಂಕುಳಿಗೆ ಕೈಹಾಕಿ ನನ್ನನ್ನು ಎತ್ತಿ ನಿಲ್ಲಿಸಿದರು. ಅವಳು ಮುಂದಿನ ಪಂಕ್ತಿಗೆ ಪಾಯಸ ಬಡಿಸಲು ಹೋದಳು. ಅವಳು ಆ ದಿನ ಪಂಕ್ತಿಗೆ ಕೂರಲೇ ಇಲ್ಲ; ಕೊನೆಗೆ ಅಡುಗೆಮನೆಯಲ್ಲಿ ನಿಂತುಕೊಂಡೇ ಎರಡು ತುತ್ತು ಉಂಡಳು. ಮನೆಯೊಡತಿಯ ಸಡಗರ ಅಂದುಕೊಂಡೆವು.

ಸಂಜೆ ಮನೆ ಮುಟ್ಟುವಷ್ಟರಲ್ಲಿ ನನ್ನ ಉರುಳಾಟದ ವೀಡಿಯೋ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಬಂದಿತ್ತು. ತೆಗೆದವರು ಯಾರೋ, ಹಾಕಿದವಳು ಅವಳೇ. ಕಣ್ಣಲ್ಲಿ ನೀರು ಬರುವಷ್ಟು ನಗುವ ಮುಖಗಳು ಅದರ ಕೆಳಗೆ ಸಾಲಾಗಿ ಕೂತಿದ್ದವು. ಥೂ! ನಾನು ಅಳಲಿಲ್ಲ. ಆ ವೀಡಿಯೋವನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಂಡೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಇವತ್ತಲ್ಲ ನಾಳೆ ಅವಳ ಮಗಳಿಗೆ ಗಂಡು ಗೊತ್ತಾಗುತ್ತದೆ, ಊಟ ಹಾಕಲೇಬೇಕು. ಆ ಪಂಕ್ತಿಯಲ್ಲಿ ಕೂತು, ಅವಳ ಕಣ್ಣೆದುರಿಗೆ, ನೆಲಕ್ಕೆ ಕೈಯೂರದೆ ಎದ್ದು ನಿಲ್ಲಬೇಕು. ನನಗೆ ಬೇಕಿದ್ದದ್ದು ಇಷ್ಟೇ.

ಚಾಮರಾಜನಗರದ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡುವ ಹುಡುಗಿ ಮಂಡಿಯನ್ನು ಹಿಂದೆ ಮುಂದೆ ಮಡಿಸಿ ನೋಡಿದಳು. “ಮಂಡಿ ಅಷ್ಟು ಕೆಟ್ಟಿಲ್ಲ ಮೇಡಂ, ತೊಡೆ ಸೋತಿದೆ. ತೊಡೆಯ ಮುಂದಿನ ಭಾಗಾನೂ ಹಿಂದಿನ ಭಾಗಾನೂ ಗಟ್ಟಿ ಮಾಡ್ಕೋಬೇಕು,” ಎಂದಳು. ಕಾಲನ್ನು ಮುಂದಕ್ಕೆ ನೀಡುವುದಕ್ಕೆ ಒಂದು ಮಷೀನು, ಮಡಿಸುವುದಕ್ಕೆ ಇನ್ನೊಂದು. ಎರಡನ್ನೂ ಒಂದರಲ್ಲೇ ಮಾಡುವ ಮಷೀನೂ ಬರುತ್ತದೆ, ಮನೆಗೆ ಅದು ಸಾಕು ಎಂದಳು. ನಾನು ಹೊರಡುವಾಗ ಒಂದು ಎಚ್ಚರಿಕೆಯನ್ನೂ ಹೇಳಿದಳು: ಯಾವ ಮಷೀನು ಕೊಂಡರೂ ನನ್ನ ಮಂಡಿ ಆ ಮಷೀನಿನ ಕೀಲಿನ ನೇರಕ್ಕೆ ಬರಬೇಕು, ಇಲ್ಲದಿದ್ದರೆ ಇರುವ ಮಂಡಿಯೂ ಹೋಗುತ್ತದೆ.

ಜಿಮ್ಮಿಗೆ ಯಾಕೆ ಹೋಗಲಿಲ್ಲ ಅಂದರೆ, ಅಲ್ಲಿ ಹೆಂಗಸರಿಗೆ ಬಿಟ್ಟ ಹೊತ್ತಿಗೆ ನನ್ನ ಬಸ್ಸು ತೆರಕಣಾಂಬಿಯಲ್ಲಿರುತ್ತದೆ. ಜೊತೆಗೆ, ನಾನು ಜಿಮ್ಮಿನ ಮೆಟ್ಟಿಲು ಹತ್ತಿದ ಸುದ್ದಿ ನನ್ನ ಬಸ್ಸಿಗಿಂತ ಮೊದಲೇ ಗುಂಡ್ಲುಪೇಟೆ ತಲುಪುತ್ತದೆ. ಸೇಡು ಅನ್ನುವುದನ್ನು ಮುಚ್ಚಿಟ್ಟು ಬೇಯಿಸಬೇಕು. ನಮ್ಮ ಹಿತ್ತಲಲ್ಲಿ ಹುಳುಮನೆ ಖಾಲಿ ಬಿದ್ದಿತ್ತು. ರೇಷ್ಮೆ ಬಿಟ್ಟು ಅರಿಶಿನ ಹಾಕಿದ ಮೇಲೆ ಅಲ್ಲಿ ಗೋಣಿಚೀಲ ಬಿಟ್ಟರೆ ಬೇರೇನೂ ಇರಲಿಲ್ಲ. ನಾನು ಚೀಲ ಎಳೆದು ಹೊರಗೆ ಹಾಕುವುದನ್ನು ನೋಡಿ ಯಜಮಾನರು ಬಂದರು.

“ಇದು ಹುಳ ಸಾಕೋ ಮನೆ ಕಣಮ್ಮಿ. ಇಲ್ಲೇನು ಮಾಡಿಯೇ?”

“ನಿಮ್ಮ ತಮ್ಮನ ಹೆಂಡ್ತಿ ನನ್ನ ತಲೆಗೆ ಒಂದು ಹುಳ ಬುಟ್ಟವಳೆ. ಅದ್ನ ಇಲ್ಲೇ ಸಾಕ್ತೀನಿ. ನೀವು ಸುಮ್ಕಿರಿ.”

ಅವರು ಉಳಿದ ಚೀಲಗಳನ್ನು ಎಳೆದು ಹಾಕಿದರು. ಮಾರನೆಯ ದಿನ ಗೋಡೆಗೆ ಸುಣ್ಣ ಹೊಡೆದುಕೊಟ್ಟರು.

ಚಾಮರಾಜನಗರದ ಪೇಟೆಯಲ್ಲಿ ಜಿಮ್ ಸಾಮಾನು ಮಾರುವ ಒಬ್ಬರು ಭಾಯಿ ಇದ್ದಾರೆ. ಮೊದಲ ದಿನ ಸೀರೆಯುಟ್ಟು ಹೋದದ್ದು ದಂಡವಾಯಿತು, ಯಾವುದರ ಮೇಲೂ ಕೂರಲಾಗಲಿಲ್ಲ. ಮರುವಾರ ಡ್ಯೂಟಿಯ ಖಾಕಿ ಪ್ಯಾಂಟಿನಲ್ಲೇ ಹೋದೆ. ಭಾಯಿ ನನ್ನ ಗುರುತು ಹಿಡಿಯದೆ, ಪ್ಯಾಂಟು ನೋಡಿ ಪೊಲೀಸ್ ಅಂದುಕೊಂಡು, ತಮ್ಮನಿಗೆ ಉರ್ದುವಿನಲ್ಲಿ ಏನೋ ಹೇಳಿ ಚಹಾ ತರಿಸಿದರು.

“ಯಾರಿಗೆ ಮೇಡಂ? ಮಗನಿಗಾ?”

“ಅಲ್ಲ. ನನ್ನ ವಾರಗಿತ್ತಿಗೋಸ್ಕರ.”

“ಮಾಶಾಅಲ್ಲಾ! ಈ ಕಾಲದಲ್ಲಿ ವಾರಗಿತ್ತಿಗೆ ಇಷ್ಟು ಮಾಡೋರು ಎಲ್ಲಿದಾರೆ,” ಎಂದರು ಭಾಯಿ. ನಾನು ಚಹಾ ಕುಡಿದೆ.

ಮೊದಲು ತೋರಿಸಿದ್ದು ದೊಡ್ಡದು. ಓರೆಯಾಗಿ ಮಲಗಿ ಎರಡು ಕಾಲಲ್ಲಿ ಭಾರವನ್ನು ಮೇಲಕ್ಕೆ ಒದೆಯುವ ಮಷೀನು. ತಿರುಗಿ ನಿಂತರೆ ಅದೇ ಭಾರವನ್ನು ಹೆಗಲ ಮೇಲೆ ಹೊತ್ತು ಬೈಠಕ್ ಹೊಡೆಯಬಹುದು. ಭಾಯಿಗೆ ಅದನ್ನು ಮಾರುವ ಆಸೆ. “ಇದೊಂದಿದ್ರೆ ಕಾಲಿಗೆ ಬೇರೇನೂ ಬೇಡ,” ಎಂದರು. ಹೌದು, ಬೇರೇನೂ ಬೇಡ, ಹುಳುಮನೆಯ ಗೋಡೆಯೂ ಬೇಡ! ಎರಡು ಎತ್ತು ಕಟ್ಟುವಷ್ಟು ಜಾಗ ಬೇಕು ಅದಕ್ಕೆ. ಮೇಲಾಗಿ ಆ ಕಬ್ಬಿಣದ ಬಿಲ್ಲೆಗಳನ್ನು ನಾವೇ ಎತ್ತಿ ಎತ್ತಿ ಅದಕ್ಕೆ ಸಿಕ್ಕಿಸಬೇಕು. ಅದನ್ನು ಎತ್ತುವ ಕಾಲಿದ್ದರೆ ನಾನು ಅಂಗಡಿಗೆ ಯಾಕೆ ಬರುತ್ತಿದ್ದೆ?

ಎರಡನೆಯದು ಬೆಂಚಿನಂಥದ್ದು, ಚಿಕ್ಕದು, ಅಗ್ಗ. ಕೂತುಕೊಂಡು ಕಾಲು ನೀಡಬೇಕು, ಬೋರಲು ಮಲಗಿ ಕಾಲು ಮಡಿಸಬೇಕು. ಕೂತೆ, ಚೆನ್ನಾಗಿತ್ತು. ಭಾಯಿಯನ್ನೂ ಅವರ ತಮ್ಮನನ್ನೂ ಆಚೆ ಕಳಿಸಿ ಬೋರಲು ಮಲಗಿದೆ. ಮೂಗಿಗೆ ಹೊಸ ರೆಕ್ಸಿನ್ನಿನ ವಾಸನೆ, ಕೆಳಗೆ ಬೆಂಚು ಅಲ್ಲಾಡುತ್ತಿತ್ತು. ಕಾಲು ಮಡಿಸಿದ್ದಾಯಿತು. ಏಳಲು ಹೋದರೆ ಅದೇ ಪಾಡು, ಅದೇ ಎಡಗೈ, ಅದೇ ಪಕ್ಕಕ್ಕೆ ಉರುಳುವುದು! ಕಿವಿಯಲ್ಲಿ ‘ಕ್ರೇನ್ ತರುಸ್ರಪ್ಪಾ’ ಅಂದಂತಾಯಿತು. ಎದ್ದೇಳುವುದನ್ನು ಕಲಿಯಲು ಕೊಳ್ಳುವ ಮಷೀನಿನಿಂದಲೇ ಎದ್ದೇಳಲಾಗದಿದ್ದರೆ ಅದನ್ನು ಏನು ಮಾಡಲಿ, ಪೂಜೆ ಮಾಡಲೇ? ಬೇಡ ಎಂದೆ.

ಮೂರನೆಯದರಲ್ಲಿ ನೀಡುವುದೂ ಮಡಿಸುವುದೂ ಎರಡೂ ಕೂತುಕೊಂಡೇ. ಕಣಕಾಲಿಗೆ ಸಿಗುವ ಉರುಳೆಯನ್ನು ಒಮ್ಮೆ ಕಾಲ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಪಿನ್ನು ತೆಗೆದು ಬದಲಾಯಿಸಿದರೆ ಆಯಿತು. ಭಾರದ ತಟ್ಟೆಗಳೆಲ್ಲ ಅದರಲ್ಲೇ ಒಂದರ ಮೇಲೊಂದು ಇರುತ್ತವೆ, ಎಷ್ಟು ಬೇಕೋ ಅಲ್ಲಿಗೆ ಪಿನ್ನು ಚುಚ್ಚಬೇಕು. ಕೂತು ನೋಡಿದೆ. ನನ್ನ ಮಂಡಿ ಕೀಲಿನ ನೇರಕ್ಕೆ ಬರಲೇ ಇಲ್ಲ, ಗೇಣು ಹಿಂದೆಯೇ ಉಳಿಯಿತು. ಗಂಡಸರ ಕಾಲಿಗೆ ಮಾಡಿದ ಸೀಟು.

“ಬೆನ್ನಿಗೊಂದು ದಿಂಬು ಇಟ್ಕೊಳ್ಳಿ ಮೇಡಂ,” ಎಂದರು ಭಾಯಿ.

“ದಿಂಬು ಇಟ್ಕೊಂಡು ಕೂರಕ್ಕೆ ನಾನೇನು ಬಾಣಂತಿಯಾ? ಒರಗೋ ಹಲಗೆ ಮುಂದಕ್ಕೆ ಬರೋದು ಇಲ್ವಾ?”

ಇತ್ತು. ಗೋಡೌನಿನಲ್ಲಿತ್ತು, ತರಿಸಿಕೊಡಲು ಸೋಮಾರಿತನ. ನಾನು ಅಲ್ಲೇ ಕೂತೆ. ಬಸ್ಸಿನಲ್ಲಿ ಚಿಲ್ಲರೆ ಇಲ್ಲ ಅನ್ನುವವರಿಂದ ಚಿಲ್ಲರೆ ಕಕ್ಕಿಸಿದವಳು ನಾನು, ಭಾಯಿ ಯಾವ ಲೆಕ್ಕ! ಸಂಜೆಯೊಳಗೆ ಮಷೀನು ಬಂತು. ಒರಗುವ ಹಲಗೆಯನ್ನು ಮುಂದಕ್ಕೆ ಸರಿಸಿ ಕೂತೆ, ಮಂಡಿ ಕೀಲಿನ ಎದುರಿಗೆ ನೇರ ನಿಂತಿತು. ಮೇಲಿನ ಒಂದೇ ತಟ್ಟೆಗೆ ಪಿನ್ನು ಹಾಕಿ ನೀಡಿದೆ. ಸೋತ ಕಾಲಿಗೂ ಆಗುವಷ್ಟು ಹಗುರ. ಕೊನೆಗೆ ಎದ್ದು ನಿಂತು ಕಂಬಿ ಹಿಡಿದು ಜಗ್ಗಿದೆ. ನಮ್ಮ ಬಸ್ಸಿನ ಹಿಂದಿನ ಸೀಟಿನ ಹಾಗೆ ಗಡಗಡ ಅನ್ನಲಿಲ್ಲ. ಅದನ್ನೇ ಕೊಂಡೆ. ರೇಷ್ಮೆ ಹುಳ ಕೊಲ್ಲುವ ಊಜಿ ನೊಣಕ್ಕೆ ಹೆದರಿ ಹುಳುಮನೆಗೆ ಕಿರಿದಾದ ಬಾಗಿಲಿಟ್ಟಿದ್ದೆವು; ಮಷೀನನ್ನು ಬಿಚ್ಚಿ ಒಳಗೆ ಒಯ್ದು ಮತ್ತೆ ಜೋಡಿಸಬೇಕಾಯಿತು.

ಬೆಳಿಗ್ಗೆ ಡ್ಯೂಟಿಗೆ ಮುಂಚೆ ಅದರ ಮೇಲೆ ಕೂರುತ್ತಿದ್ದೆ. ಫೋನನ್ನು ಕಿಟಕಿಯಲ್ಲಿ ಒರಗಿಸಿಟ್ಟು ಆ ವೀಡಿಯೋ ಹಾಕುತ್ತಿದ್ದೆ. ಬೇರೆಯವರು ಸುಪ್ರಭಾತ ಕೇಳಿದರೆ ನಾನು ಅವಳ ಕೂಗು ಕೇಳಿದೆ. ಅವಳು ‘ಕ್ರೇನ್’ ಅಂದಾಗಲೆಲ್ಲ ಕಾಲು ತಾನಾಗಿ ಮೇಲೇಳುತ್ತಿತ್ತು. ಸಿಟ್ಟಿನಲ್ಲಿ ಭಾರ ಜಾಸ್ತಿ ಮಾಡಿ ಎರಡು ಸಲ ಮಂಡಿ ಊದಿಸಿಕೊಂಡೆ. ಫಿಸಿಯೋ ಹುಡುಗಿ ಬೈದಳು, ಇಳಿಸುವಾಗ ನಿಧಾನ ಅಂದಳು. ಸೇಡು ಇಲ್ಲದಿದ್ದರೆ ನಾನು ಅವತ್ತೇ ಬಿಟ್ಟುಬಿಡುತ್ತಿದ್ದೆ. ಆಮೇಲೆ ಹುಳುಮನೆಯ ನೆಲದ ಮೇಲೆ ಕೂತು ಏಳುವ ಅಭ್ಯಾಸ. ಮೊದಲು ಗೋಡೆ ಹಿಡಿದು, ಆಮೇಲೆ ಮಷೀನಿನ ಕಾಲು ಹಿಡಿದು, ಆಮೇಲೆ ಒಂದು ಬೆರಳೂರಿ. ಒಂದು ಬೆಳಿಗ್ಗೆ ಏನನ್ನೂ ಮುಟ್ಟದೆ ಎದ್ದು ನಿಂತಿದ್ದೆ. ಬಾಗಿಲಲ್ಲಿ ಕಾಫಿ ಲೋಟ ಹಿಡಿದಿದ್ದ ಯಜಮಾನರು, “ಎದ್ಬುಟ್ಟಲ್ಲಮ್ಮಿ!” ಎಂದರು. ಅವರ ದನಿ ಒಂದು ಥರ ಆಗಿತ್ತು. ನಾನು ಲೋಟ ಇಸಿದುಕೊಂಡು ನಿಂತೇ ಕಾಫಿ ಕುಡಿದೆ.

ಅಂದುಕೊಂಡಂತೆ ಅವಳ ಮಗಳಿಗೆ ಗಂಡು ಗೊತ್ತಾಯಿತು. ನಿಶ್ಚಿತಾರ್ಥ ಗುಂಡ್ಲುಪೇಟೆಯ ಒಂದು ಛತ್ರದಲ್ಲಿ. ರೇಷ್ಮೆ ಸೀರೆಯುಟ್ಟು, ಮಂಡಿಗೆ ಎಣ್ಣೆ ಹಚ್ಚಿ ಹೊರಟೆ. ಊಟದ ಮನೆಗೆ ಕಾಲಿಟ್ಟರೆ ಉದ್ದಕ್ಕೂ ಟೇಬಲ್ಲು, ಕುರ್ಚಿ! ನೆಲದ ಮೇಲೆ ಒಂದು ಚಾಪೆಯೂ ಇಲ್ಲ. ಅವಳು ಬೀಗರನ್ನು ಕರೆತಂದು ನನ್ನ ಮುಂದೆಯೇ ನಿಲ್ಲಿಸಿ, “ನಮ್ಮಕ್ಕಂಗೆ ಮಂಡಿ ನೋವು, ನೆಲದಲ್ಲಿ ಕೂರಕ್ಕಾಗಲ್ಲ ಪಾಪ. ಅದ್ಕೇ ಎಲ್ರಿಗೂ ಟೇಬಲ್ ಹಾಕುಸ್ಬುಟ್ಟೆ,” ಎಂದಳು.

ನನ್ನ ಮೈ ಹತ್ತಿ ಉರಿಯಿತು. ಇಷ್ಟು ದಿನ ಪಂಕ್ತಿಗಾಗಿ ತೊಡೆ ಸವೆಸಿದವಳ ಕಾಲಡಿಯಿಂದ ನೆಲವನ್ನೇ ಎಳೆದುಕೊಂಡಿದ್ದಳು, ಅದೂ ನನ್ನ ಮಂಡಿಯ ಹೆಸರು ಹೇಳಿ. ಮೂಲೆಯಲ್ಲಿ ಸುತ್ತಿಟ್ಟಿದ್ದ ಜಮಖಾನ ತಂದು ಗೋಡೆಯ ಪಕ್ಕ ಹಾಸಿದೆ. ಚಕ್ಕಳಮಕ್ಕಳ ಹಾಕಿ ಕೂತು, ಬಡಿಸುವವನಿಗೆ “ಇಲ್ಲೊಂದು ಎಲೆ ಹಾಕಪ್ಪ,” ಎಂದೆ.

ಗಂಡಿನ ಅಜ್ಜಿ ಅಷ್ಟು ದೂರದಿಂದ ನನ್ನನ್ನು ನೋಡಿ, ಕುರ್ಚಿ ತಳ್ಳಿ ಎದ್ದು ಬಂದರು. “ನಂಗೂ ನೆಲ್ದಲ್ಲಿ ಕೂತ್ರೇ ಊಟ ಇಳಿಯದು ಕಣವ್ವ,” ಎನ್ನುತ್ತ ಪಕ್ಕದಲ್ಲಿ ಕೂತರು. ಆಮೇಲೆ ತಲೆ ಎತ್ತಿ, “ಹುಡ್ಗಿ ತಾಯಿ ಎಲ್ಲವ್ವ? ಬಾ, ನಂಜೊತೇಲಿ ಉಣ್ಣು ಬಾ,” ಎಂದು ಕರೆದರು. ಹೊಸ ಬೀಗರ ಕಡೆಯ ಹಿರಿಯರು ಕರೆದ ಮೇಲೆ ಹೆಣ್ಣಿನ ತಾಯಿ ಒಲ್ಲೆ ಅನ್ನುವಂತಿಲ್ಲ. ಬಂದಳು. ಗೋಡೆ ಹಿಡಿದು ಬಹಳ ಹೊತ್ತು ತೆಗೆದುಕೊಂಡು ಕೂತಳು. ಅವಳು ಕೂತ ರೀತಿ ನೋಡಿ ನನ್ನ ತುತ್ತು ಕೈಯಲ್ಲೇ ನಿಂತಿತು. ಆ ರೀತಿ ನನಗೆ ಚೆನ್ನಾಗಿ ಗೊತ್ತು.

ಊಟ ಮುಗಿಯಿತು. ಅಜ್ಜಿ ಎದ್ದರು. ನಾನು ಎರಡೂ ಕೈಯನ್ನು ಎಲೆಯ ಮೇಲೆತ್ತಿ ಹಿಡಿದು, ಎಲ್ಲಿಯೂ ಊರದೆ, ಎದ್ದು ನಿಂತೆ. ಹೇಗೆ ಎದ್ದೆನೋ ನೋಡಬೇಕಿತ್ತು ನೀವು! ನನ್ನ ವಾರಗಿತ್ತಿ ಮಾತ್ರ ಕೂತೇ ಇದ್ದಳು. ಖಾಲಿ ಎಲೆಯಲ್ಲಿ ಪಾಯಸ ಬಳಿಯುವಂತೆ ಬೆರಳಾಡಿಸುತ್ತಿದ್ದಳು. ಬೀಗರೆಲ್ಲ ನೋಡುತ್ತಿದ್ದರು. ಅವಳು ಮುಖವೆತ್ತಿ ನನ್ನನ್ನು ನೋಡಿದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವಳು ನೆಲವೇ ಬೇಡ ಅಂದು ಟೇಬಲ್ಲು ಹಾಕಿಸಿದ್ದಳು. ನನಗಾಗಿ ಅಲ್ಲ.

ಇಡೀ ಛತ್ರಕ್ಕೆ ಕೇಳುವ ಕೂಗು ನನ್ನ ನಾಲಿಗೆಯ ತುದಿಯಲ್ಲಿತ್ತು. ಕಂಡಕ್ಟರ್ ಗಂಟಲು ನನ್ನದು, ಅವಳಿಗಿಂತ ದೊಡ್ಡದು. ಪಕ್ಕದಲ್ಲಿ ಮದುವಣಗಿತ್ತಿ ಹುಡುಗಿ ನಿಂತಿತ್ತು. ಬಗ್ಗಿ, ಎಡಗೈ ಚಾಚಿ, ಅವಳೊಬ್ಬಳ ಕಿವಿಗೆ ಮಾತ್ರ ಬೀಳುವಂತೆ ಹೇಳಿದೆ: “ಕ್ರೇನ್ ಬಂದದ ಕಣಮ್ಮಿ, ಹಿಡ್ಕೊ.”

ಹಿಡಿದುಕೊಂಡಳು. ಎತ್ತುವಾಗ ಅವಳ ಮಂಡಿ ಲಟಕ್ ಅಂದದ್ದು ನನಗೆ ಕೇಳಿಸಿತು. ನನ್ನ ತೊಡೆ ಅಲ್ಲಾಡಲಿಲ್ಲ. ಕೈತೊಳೆಯುವ ಜಾಗದಲ್ಲಿ ಅವಳು ನೀರು ಬಿಟ್ಟುಕೊಂಡು ಮೆಲ್ಲಗೆ, “ಗೃಹಪ್ರವೇಶಕ್ಕೂ ಮುಂಚಿಂದ ಹಿಂಗೇ ಕಣಕ್ಕ. ಯಾರ್ಗೂ ಯೋಳ್ಬ್ಯಾಡ,” ಎಂದಳು. ಆ ದಿನ ಅವಳು ಯಾಕೆ ನಿಂತೇ ಉಂಡಳು ಎನ್ನುವುದು ಆಗ ಹೊಳೆಯಿತು. ಕನಿಕರ ಬಂತು ಅಂದುಕೊಳ್ಳಬೇಡಿ. ತನ್ನ ಮಂಡಿ ಲಟಲಟ ಅನ್ನುತ್ತಿರುವಾಗ ನನ್ನ ಮಂಡಿಗೆ ನಕ್ಕಳಲ್ಲ ಅಂತ ಸಿಟ್ಟು ಇಮ್ಮಡಿಯಾಯಿತು.

ಈಗ ನನ್ನ ವಾರದ ರಜೆಯ ದಿನ ಅವಳು ಗುಂಡ್ಲುಪೇಟೆಯಿಂದ ಹರದನಹಳ್ಳಿಗೆ ಬರುತ್ತಾಳೆ. ಅವಳ ಕಾಲು ಉದ್ದ, ಒರಗುವ ಹಲಗೆಯನ್ನು ಹಿಂದಕ್ಕೆ ಸರಿಸಿ ಮಂಡಿಯನ್ನು ಕೀಲಿನ ನೇರಕ್ಕೆ ನಾನೇ ತರುತ್ತೇನೆ. ಪಿನ್ನನ್ನು ಮೊದಲ ತಟ್ಟೆಗೇ ಹಾಕುತ್ತೇನೆ. ಅದರಲ್ಲಿ ಮೋಸವಿಲ್ಲ. ಅವಳು ಹಲ್ಲು ಕಚ್ಚಿ ಕಾಲು ನೀಡುವಾಗ ನನ್ನ ಫೋನು ಕಿಟಕಿಯಲ್ಲಿ, ಅವಳ ಕಡೆಗೆ ಮುಖ ಮಾಡಿ ಒರಗಿರುತ್ತದೆ.

“ಅಕ್ಕ, ವೀಡಿಯೋ ಗೀಡಿಯೋ ಮಾಡ್ತಿಲ್ಲ ತಾನೆ?” ಎಂದು ಪ್ರತಿಸಲವೂ ಕೇಳುತ್ತಾಳೆ.

“ನಿನ್ನ ಕೆಲ್ಸ ನೀ ಮಾಡು,” ಎನ್ನುತ್ತೇನೆ. ಫೋನು ಆಫ್ ಆಗಿರುತ್ತದೆ. ಅದನ್ನು ಅವಳಿಗೆ ಇನ್ನೂ ಹೇಳಿಲ್ಲ.