ಮುನಿಯಾಚಾರಿಯ ಗಿಟಾರುಗಳು

ಸಮೇತನಹಳ್ಳಿಯ ಮುನಿಯಾಚಾರಿ ಗಿಟಾರ್ ಮಾಡುವವನಾಗಲಿ ಎಂದು ಯಾರೂ ಹರಕೆ ಹೊತ್ತಿರಲಿಲ್ಲ. ನೇಗಿಲು, ಗಾಡಿ, ಬಾಗಿಲು, ಮದುವೆಯ ಮಂಚ, ಇಷ್ಟನ್ನು ಮಾಡಿಕೊಂಡು ಮೂವತ್ತೆಂಟನೆಯ ವಯಸ್ಸಿನವರೆಗೆ ಅವನು ಸುಖವಾಗಿಯೇ ಇದ್ದ. 1962ರಲ್ಲಿ ವೈಟ್‌ಫೀಲ್ಡಿನ ರೆಬೆಲೊ ಎಂಬ ನಿವೃತ್ತ ರೈಲ್ವೆ ಗಾರ್ಡು ತಮ್ಮ ಗಿಟಾರಿನ ಮೇಲೆ ತಾವೇ ಕೂತುಬಿಟ್ಟರು. ದೊರೆಗಳದ್ದು ಸಣ್ಣ ಶರೀರವೇನಲ್ಲ. ಬೆಂಗಳೂರಿನ ಅಂಗಡಿಯವನು ಹೊಸದು ತಗೊಳ್ಳಿ ಅಂದ. ಅವರು ಚೂರುಗಳನ್ನು ದಿಂಬಿನ ಚೀಲಕ್ಕೆ ತುಂಬಿಕೊಂಡು, ಹತ್ತಿರದಲ್ಲಿ ಬಡಗಿ ಯಾರಿದ್ದಾರೆ ಎಂದು ವಿಚಾರಿಸುತ್ತ ಬಂದರು.

"ಆಚಾರಿ, ಇದು ಜೋಡಿಸ್ತೀಯಾ?"

ಆಚಾರಿ ಚೀಲದೊಳಗೆ ಇಣುಕಿದ. "ಮೊದ್ಲು ಏನಾಗಿತ್ತು ಸ್ವಾಮಿ ಇದು?"

ಜೋಡಿಸುವುದಕ್ಕೆ ಎರಡು ತಿಂಗಳು ಹಿಡಿಯಿತು. ಎತ್ತು ಎಳೆದರೂ ಮುರಿಯದ ವಸ್ತುಗಳನ್ನೇ ಜೀವಮಾನವೆಲ್ಲ ಮಾಡಿದ್ದವನಿಗೆ ಇದೊಂದು ವಿಚಿತ್ರ. ಹಪ್ಪಳದಷ್ಟು ತೆಳುವಾದ ಹಲಗೆ, ಅದರ ಬೆನ್ನಿಗೆ ಕಡ್ಡಿಯಂಥ ಪಟ್ಟಿಗಳು. ಇನ್ನೊಂದು ಎಳೆ ಕೆತ್ತಿದರೆ ಮುರಿಯುತ್ತದೆ, ಒಂದು ಎಳೆ ಬಿಟ್ಟರೆ ದನಿ ಬರುವುದಿಲ್ಲ. ಕೆಲಸ ಮುಗಿದ ದಿನ ರೆಬೆಲೊ ಜಗಲಿಯ ಮೇಲೆ ಕೂತು ನುಡಿಸಿದರು, ನುಡಿಸುತ್ತ ಅತ್ತರು. ದೊರೆಗೆ ಹೊಟ್ಟೆನೋವು ಬಂದಿದೆಯೆಂದು ಪಕ್ಕದ ಮನೆಯವರು ಓಮದ ಕಷಾಯ ತಂದುಕೊಟ್ಟರು.

ಅಲ್ಲಿಂದ ಆಚಾರಿಗೆ ಹುಚ್ಚು ಹಿಡಿಯಿತು. ಹಳೆಯ ಬೀಟೆ ಮಂಚ, ಪಾಳುಬಿದ್ದ ಛತ್ರದ ಬಾಗಿಲು, ಸೀಮೆಯಿಂದ ಯಂತ್ರ ಬಂದ ಪೆಟ್ಟಿಗೆಯ ಹಲಗೆ, ಎಲ್ಲವೂ ಗಿಟಾರಾದವು. ನೆನೆಸಿದ ಪಟ್ಟಿಯನ್ನು ಕಾಯಿಸಿದ ಕಬ್ಬಿಣದ ಕೊಳವೆಗೆ ಒತ್ತಿ ಬಗ್ಗಿಸುವುದನ್ನು ಅವನೇ ಕಂಡುಕೊಂಡ. ವರ್ಷಕ್ಕೆ ನಾಲ್ಕು ಆದರೆ ಹೆಚ್ಚು. ಊರಲ್ಲಿ ನೇಗಿಲಿಗೆ ಕಾಯುತ್ತಿದ್ದವರು ಅವನನ್ನು ಏನೆಂದರೋ ಬರೆಯುವಂತಿಲ್ಲ.

ಪರೀಕ್ಷೆ ಮಾಡುತ್ತಿದ್ದವಳು ಹೆಂಡತಿ ಪಿಳ್ಳಮ್ಮ. ಅವಳಿಗೆ ಸರಿಗಮ ಗೊತ್ತಿರಲಿಲ್ಲ. ಹೊಸಕೋಟೆ ಸಂತೆಯಲ್ಲಿ ಮಡಕೆ ತೆಗೆದುಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಾರಲ್ಲ, ಹಾಗೆಯೇ ತಟ್ಟುತ್ತಿದ್ದಳು. "ಇದು ಮಾತಾಡ್ತದೆ" ಅಂದರೆ ಪಾಸು. "ಇದು ಮೂಗ" ಅಂದರೆ ಬಿಚ್ಚಬೇಕು. ಅರವತ್ತೈದನೆಯ ಇಸವಿಯಲ್ಲಿ ಒಂದು ಗಿಟಾರನ್ನು ಮೂರು ಸಲ ಮೂಗ ಅಂದಳು. ಆಚಾರಿ ಎರಡು ದಿನ ಅವಳೊಂದಿಗೆ ಮಾತು ಬಿಟ್ಟ. ಮೂರನೆಯ ದಿನ ಬೆನ್ನು ಬಿಚ್ಚಿ, ಒಳಗಿನ ಪಟ್ಟಿಯನ್ನು ಗೋಧಿಕಾಳಿನಷ್ಟು ಕೆತ್ತಿದ. ಅದು ಮಾತಾಡಿತು. ಆಮೇಲೆ ಅವನೂ ಮಾತಾಡಿದ.

ಅರವತ್ತೆಂಟರಲ್ಲಿ ಅಭಿವೃದ್ಧಿ ಬಂತು. ಅದರ ಹೆಸರು ಗೋಪಾಲಪ್ಪ. ಹೊಸಕೋಟೆಯಲ್ಲಿ ಶಾಲೆಗಳಿಗೆ ಬೆಂಚು ಮಾಡಿಸುತ್ತಿದ್ದ ಈತನ ದಯೆಯಿಂದ ತಾಲ್ಲೂಕಿನ ಮಕ್ಕಳೆಲ್ಲ ಉಸಿರು ಬಿಗಿಹಿಡಿದು ಕೂರುವುದನ್ನು ಕಲಿತಿದ್ದರು.

"ಏನ್ ಆಚಾರ್ರೇ, ವರ್ಷಕ್ಕೆ ನಾಲ್ಕಾ? ಬೆಂಗ್ಳೂರಲ್ಲಿ ಬೀದಿಗೊಂದು ಆರ್ಕೆಸ್ಟ್ರಾ ಆಗೈತೆ. ಕಾಲೇಜ್ ಹುಡುಗ್ರೆಲ್ಲ ಕೂದಲು ಬಿಟ್ಕೊಂಡು ಗಿಟಾರ್ ಕೇಳ್ತಾವ್ರೆ. ಶೆಡ್ಡು ನಂದು, ಹೆಸರು ನಿಮ್ದು."

ಹೆಸರು ನಿಮ್ಮದು ಎಂಬ ಮಾತಿಗೆ ಆಚಾರಿ ಕರಗಿದ. ಮದರಾಸು ರಸ್ತೆಯ ಪಕ್ಕದಲ್ಲಿ ತಗಡಿನ ಶೆಡ್ಡು ಎದ್ದಿತು. ಮೊದಲ ಮೂರು ವರ್ಷ ಕೆಲಸ ತಕ್ಕಮಟ್ಟಿಗೆ ಮಾನವಾಗಿಯೇ ನಡೆಯಿತು. ಆರು ಮಂದಿ ಬಡಗಿಗಳು, ತಿಂಗಳಿಗೆ ಎಂಟು ಗಿಟಾರು. ಕುತ್ತಿಗೆಯನ್ನೂ ಮುಖದ ಹಲಗೆಯನ್ನೂ ಆಚಾರಿಯೇ ಕೆತ್ತುತ್ತಿದ್ದ. ಪಿಳ್ಳಮ್ಮ ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು ತಟ್ಟಿಹೋಗುತ್ತಿದ್ದಳು. ಎಂಟರಲ್ಲಿ ಎರಡು ಮೂಗವಾಗುತ್ತಿದ್ದವು.

ಗೋಪಾಲಪ್ಪನಿಗೆ ಇದನ್ನು ಸಹಿಸಲಾಗಲಿಲ್ಲ. "ಅಮ್ಮಾವ್ರು ತಟ್ಟೋದ್ರಿಂದಲೇ ಸರಕು ತಡ ಆಗ್ತೈತೆ" ಎಂದು ಅವನು ರೋಗದ ಮೂಲವನ್ನು ಪತ್ತೆಹಚ್ಚಿದ. ಎಪ್ಪತ್ತೊಂದರಲ್ಲಿ ಪಿಳ್ಳಮ್ಮನ ಬದಲು ತನ್ನ ಭಾವಮೈದ ಚಿಕ್ಕಬೀರಪ್ಪನನ್ನು ಗುಣಮಟ್ಟದ ಅಧಿಕಾರಿಯೆಂದು ನೇಮಿಸಿದ. ಚಿಕ್ಕಬೀರಪ್ಪನಿಗೆ ಒಂದು ಮೇಜು, ಒಂದು ಕುರ್ಚಿ, 'ಪರೀಕ್ಷಿಸಲಾಗಿದೆ' ಎಂಬ ರಬ್ಬರ್ ಮೊಹರು ಕೊಟ್ಟರು. ಬಡಗಿಗಳೂ ಹೆಚ್ಚಿದರು, ಸರಕೂ ಹೆಚ್ಚಿತು. ಬೆಳಗಿನ ಕಾಫಿ ಬರುವುದರೊಳಗೆ ಆತ ನಲವತ್ತು ಗಿಟಾರು ಪರೀಕ್ಷಿಸುತ್ತಿದ್ದ. ಒಂದು ಬೆಳಿಗ್ಗೆ ತಂತಿಯನ್ನೇ ಹಾಕದಿದ್ದ ಆರು ಗಿಟಾರುಗಳೂ ಉತ್ತೀರ್ಣವಾದವು.

ಬೀಟೆ ಹೋಗಿ ಪ್ಲೈವುಡ್ ಬಂತು. ಕಾಯಿಸಿದ ಅಂಟು ಹೋಗಿ ಡಬ್ಬಿಯ ಬಿಳಿ ಅಂಟು ಬಂತು. ಅರಗಿನ ಪಾಲಿಶ್ ಹೋಗಿ ಕೆಂಪು ಬಣ್ಣದ ಪಿಚಕಾರಿ ಬಂತು. ದನಿ ಕುಗ್ಗಿದಷ್ಟೂ ಹೊಳಪು ಏರಿತು. ದೇವನಹಳ್ಳಿಯ ಒಂದು ಮದುವೆಯಲ್ಲಿ ಹಾಡಿನ ನಡುವೆ ಗಿಟಾರಿನ ತಂತಿ ಕಟ್ಟಿದ್ದ ಕುದುರೆಯೆಂಬ ಮರದ ತುಂಡು ಕಿತ್ತು ಹಾರಿ, ಬೀಗರ ಪಾಯಸಕ್ಕೆ ಬಿತ್ತು. ಗೋಪಾಲಪ್ಪ ತಕ್ಷಣ ಕ್ರಮ ಕೈಗೊಂಡ. ಬಣ್ಣವನ್ನು ಇನ್ನೊಂದು ಕೈ ಬಳಿಸಿದ.

ಆಚಾರಿ ಏನು ಮಾಡುತ್ತಿದ್ದ? ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೇಲ್ವಿಚಾರಣೆ ಮಾಡುತ್ತಿದ್ದ. ಉಳಿ ಹಿಡಿಯದೆ ಅಂಗೈ ಮೆತ್ತಗಾಗಿತ್ತು. ಅದನ್ನು ಅವನು ಏಳಿಗೆಯೆಂದೇ ತಿಳಿದಿದ್ದ.

ಎಪ್ಪತ್ನಾಲ್ಕರಲ್ಲಿ ರೆಬೆಲೊ ಶೆಡ್ಡಿಗೆ ಬಂದರು, ಕೋಲೂರಿಕೊಂಡು. ಕೈಯಲ್ಲಿ ತಂಗಿಯ ಮಗಳಿಗೆಂದು ಕೊಂಡ ಕೆಂಪು ಗಿಟಾರಿತ್ತು. ಅದರ ಕುತ್ತಿಗೆ ಬಿಲ್ಲಿನ ಹಾಗೆ ಬಾಗಿತ್ತು. ಒಳಗಿನ ಚೀಟಿಯಲ್ಲಿ 'ಮುನಿಯಾಚಾರಿ, ಹೊಸಕೋಟೆ' ಎಂದು ಚಿನ್ನದ ಅಕ್ಷರ.

"ಆಚಾರಿ, ಇದು ನೀನು ಮಾಡಿದ್ದಾ?"

"ನನ್ನ ಹೆಸರೈತಲ್ಲ ದೊರೆ."

"ಹೆಸರು ನಾನು ಓದಿದೆ. ನೀನು ಮಾಡಿದ್ದಾ?"

ಆಚಾರಿ ಬಾಗಿದ ಕುತ್ತಿಗೆಯ ಮೇಲೆ ಹೆಬ್ಬೆರಳು ಆಡಿಸಿದ. ಮುದುಕರು ಬೈಯಲಿಲ್ಲ. ಗಿಟಾರನ್ನು ಚಿಕ್ಕಬೀರಪ್ಪನ ಮೇಜಿನ ಮೇಲಿಟ್ಟು ಹೊರಟರು. ಚಿಕ್ಕಬೀರಪ್ಪ ಅಭ್ಯಾಸಬಲದಿಂದ ಅದಕ್ಕೆ ಇನ್ನೊಂದು ಮೊಹರು ಒತ್ತಿದ.

ಅವತ್ತೇ ಆಚಾರಿ ಗೋಪಾಲಪ್ಪನ ಹತ್ತಿರ ಹೋಗಿ, "ನನ್ನ ಹೆಸರು ತೆಗೀರಿ" ಅಂದ.

"ಚೀಟಿ ಮಾಡ್ಸಿ ಇಟ್ಬಿಟ್ಟಿದ್ದೀನಲ್ಲ ಆಚಾರ್ರೇ, ಗೋಣಿಗಟ್ಟಲೆ! ನೀವು ಬೇಕಾದ್ರೆ ಹೋಗಿ, ಹೆಸರು ಇರ್ಲಿ."

ಆಚಾರಿ ಹೋದ. ಹೆಸರು ಉಳಿಯಿತು. ಅವನಿಲ್ಲದೆಯೂ ಅವನ ಗಿಟಾರುಗಳು ಎರಡು ವರ್ಷ ಹೊರಬಂದವು. ಕೊನೆಗೆ ಕೊಳ್ಳುವವರಿಲ್ಲದೆ ಶೆಡ್ಡಿನಲ್ಲಿ ರೇಡಿಯೋ ಪೆಟ್ಟಿಗೆ ತಯಾರಾಗತೊಡಗಿತು.

ಊರಿಗೆ ಮರಳಿದವನ ಕೈಗೆ ಮತ್ತೆ ಉಳಿ ಒಗ್ಗುವುದಕ್ಕೆ ವರ್ಷ ಬೇಕಾಯಿತು. ಎಪ್ಪತ್ತಾರರಲ್ಲಿ ಮಾಡಿದ ಮೊದಲನೆಯದನ್ನು ಪಿಳ್ಳಮ್ಮ ತಟ್ಟಿ, ಇನ್ನೊಮ್ಮೆ ತಟ್ಟಿ, "ಮೊದ್ಲಿಗಿಂತ ಚೆನ್ನಾಗೈತೆ ಕಣ್ರಿ" ಅಂದಳು. ಅದನ್ನು ಮಾರಲು ಒಯ್ದರೆ ಬೆಂಗಳೂರಿನ ಅಂಗಡಿಯವನು ಚೀಟಿ ನೋಡಿದ್ದೇ ಕೈಮುಗಿದ. "ಮುನಿಯಾಚಾರಿ ಮಾಲು ಬೇಡಪ್ಪಾ. ಅರವತ್ತೆಂಟರ ಹಿಂದಿನದು ಇದ್ರೆ ತಾ. ಅದಕ್ಕೆ ಜನ ಸಾಯ್ತಾರೆ."

ಆಚಾರಿ ಚೀಟಿ ಕಿತ್ತೆಸೆದು ಗಿಟಾರನ್ನು ಕೊಟ್ಟ. ಅಂಗಡಿಯವನು ಅದಕ್ಕೆ ಟೀ ಡಿಕಾಕ್ಷನ್ ಬಳಿದು, ಅಟ್ಟದ ಧೂಳು ಸವರಿ, ಎರಡೇ ವಾರದಲ್ಲಿ ಹನ್ನೆರಡು ವರ್ಷ ವಯಸ್ಸು ಮಾಡಿದ. ಆಮೇಲೆ ಬಂದವೂ ಹೀಗೆಯೇ ಹಳೆಯವಾಗಿ ಮಾರಾಟವಾದವು.

ಎಪ್ಪತ್ತೊಂಬತ್ತರಲ್ಲಿ ದೊಡ್ಡಬಳ್ಳಾಪುರದಿಂದ ಕೋದಂಡರಾಮಯ್ಯ ಎಂಬುವರು ಬಂದರು. ಹಗಲು ಮಗ್ಗ, ಸಂಜೆ ಆರ್ಕೆಸ್ಟ್ರಾ. ಅವರು ತಂದಿದ್ದ ಗಿಟಾರಿನಲ್ಲಿ ತಂತಿ ಬಿಗಿಯುವ ಬಿರಡೆ ಸಡಿಲವಾಗಿತ್ತು.

"ಇದು ಹಳೇ ಮುನಿಯಾಚಾರ್ರ ಕೈಯದ್ದು. ಪಾಪ, ತೀರ್ಕೊಂಡ್ರಂತಲ್ಲ. ನೀವು ಅವರ ತಮ್ಮನೋ?"

ಒಳಗಿದ್ದ ಪಿಳ್ಳಮ್ಮ ಧಡಕ್ಕನೆ ಎದ್ದು, ಹಣೆಯ ಕುಂಕುಮವನ್ನು ಕಾಸಗಲ ಮಾಡಿಕೊಂಡು ಬಾಗಿಲಲ್ಲಿ ನಿಂತಳು.

"ನಾನೇ ಮುನಿಯಾಚಾರಿ. ಇದನ್ನ ಹೋದ ಮಾರ್ಗಶಿರದಲ್ಲಿ ಮಾಡ್ದೆ."

ಕೋದಂಡರಾಮಯ್ಯನವರು ಮರುಕದಿಂದ ನಕ್ಕರು. ಸತ್ತವರ ಹೆಸರಲ್ಲಿ ಬದುಕುವವರನ್ನು ಅವರು ಬಹಳ ಕಂಡಿದ್ದರು. ಜಗಲಿಯ ಮೇಲೆ ಕೂತು, ಹಳೆಯ ಕೆಲಸ ಯಾವುದು, ಈಗಿನದು ಯಾವುದು ಎಂದು ಆಚಾರಿಗೆ ಸಮಾಧಾನವಾಗಿ ತಿಳಿಸಿಹೇಳಿದರು. ಕುತ್ತಿಗೆಯ ಈ ದುಂಡು ಈಗಿನವರಿಂದ ಸಾಧ್ಯವಿಲ್ಲ. ಒಳಗಿನ ಪಟ್ಟಿಯನ್ನು ಹೀಗೆ ಕೆತ್ತುವ ತಾಳ್ಮೆ ಆ ಕಾಲಕ್ಕೇ ಮುಗಿಯಿತು. ಹದಿನೇಳು ವರ್ಷದಲ್ಲಿ ಯಾರೂ ಅವನ ಕೆಲಸವನ್ನು ಇಷ್ಟು ಚೆನ್ನಾಗಿ ಹೊಗಳಿರಲಿಲ್ಲ. ಆಚಾರಿಗೆ ಕಣ್ಣು ತುಂಬಿ ಬಂತು. ಇನ್ನಷ್ಟು ಕೇಳುವ ಆಸೆಯಿಂದ ವಾದ ಮಾಡುವುದನ್ನು ಬಿಟ್ಟ.

ಆಮೇಲೆ ಸಣ್ಣ ಉಳಿ ತೆಗೆದುಕೊಂಡು ಬಿರಡೆಗೆ ಕೈಹಾಕಿದ.

"ಹುಷಾರು ಗುರು, ನಿಧಾನ," ಕೋದಂಡರಾಮಯ್ಯನವರು ಅವನ ಕೈಹಿಡಿದರು. "ನಿಮಗೆ ಇಂಥದ್ದು ಮುಟ್ಟಿ ಅಭ್ಯಾಸ ಇಲ್ಲ."